ಖಾಕಿ ಎದೆಯ ಪದಕ: ಹದಿನಾರು ನಾಲ್ಕಾದರೂ ಬಿಡದ ಗೊಂದಲ

ಗಣರಾಜ್ಯೋತ್ಸವ, ಸ್ವಾತಂತ್ರ್ಯ ದಿನಾಚರಣೆ ಹತ್ತಿರ ಬಂತೆಂದರೆ ಕೇಂದ್ರ ಗೃಹ ಸಚಿವಾಲಯದಿಂದ ಒಂದು ಉದ್ದನೆಯ ಪಟ್ಟಿ ಹೊರಬೀಳುತ್ತದೆ. ಮರುದಿನ ಪತ್ರಿಕೆಗಳಲ್ಲಿ ‘ರಾಜ್ಯದ ಪೊಲೀಸರಿಗೆ ರಾಷ್ಟ್ರಪತಿ ಪದಕ’ ಎಂಬ ತಲೆಬರಹ. ಕೆಳಗೆ ಹೆಸರು, ಹುದ್ದೆ, ಊರು. ಯಾರಿಗೆ ಯಾವ ಪದಕ, ಯಾಕೆ ಕೊಟ್ಟರು ಅನ್ನೋದು ಮಾತ್ರ ಸಾಮಾನ್ಯವಾಗಿ ಇರುವುದಿಲ್ಲ. ಗುಂಡೇಟು ತಿಂದವನದ್ದೂ ರಾಷ್ಟ್ರಪತಿ ಪದಕ, ಇಪ್ಪತ್ತು ವರ್ಷ ಕಚೇರಿಯಲ್ಲಿ ಕಪ್ಪುಚುಕ್ಕೆ ಇಲ್ಲದೆ ಕೆಲಸ ಮಾಡಿದವನದ್ದೂ ರಾಷ್ಟ್ರಪತಿ ಪದಕ. ಓದುವವರಿಗೆ ಎಲ್ಲ ಒಂದೇ.

ಈ ಗೊಂದಲ ಎಷ್ಟು ದೂರ ಹೋಗುತ್ತದೆ ಎಂಬುದಕ್ಕೆ 2020ರ ಜನವರಿ ಸಾಕ್ಷಿ. ಜಮ್ಮು-ಕಾಶ್ಮೀರದಲ್ಲಿ ಒಬ್ಬ ಡಿವೈಎಸ್ಪಿ ಉಗ್ರರ ಜೊತೆ ಒಂದೇ ಕಾರಿನಲ್ಲಿ ಸಿಕ್ಕಿಬಿದ್ದರು. ‘ರಾಷ್ಟ್ರಪತಿ ಪದಕ ಪಡೆದ ಅಧಿಕಾರಿ’ ಎಂದು ಸುದ್ದಿ ಹಬ್ಬಿತು. ಇವರಿಗೆ ಕೇಂದ್ರದ ಯಾವ ಪದಕವೂ ಬಂದಿಲ್ಲ, 2018ರಲ್ಲಿ ಸಿಕ್ಕಿದ್ದು ರಾಜ್ಯದ ಶೌರ್ಯ ಪದಕ ಎಂದು ಅಲ್ಲಿನ ಪೊಲೀಸರೇ ಸ್ಪಷ್ಟನೆ ಕೊಡಬೇಕಾಯಿತು. ಕೆಲವೇ ದಿನಗಳಲ್ಲಿ ಆ ಪದಕವನ್ನೂ ವಾಪಸ್ ಪಡೆದರು.

ಶುರುವಾಗಿದ್ದು ಹೀಗೆ. 1909ರಲ್ಲಿ ಬ್ರಿಟಿಷ್ ದೊರೆ ಏಳನೇ ಎಡ್ವರ್ಡ್ ಕಾಲದಲ್ಲಿ ‘ಕಿಂಗ್ಸ್ ಪೊಲೀಸ್ ಮೆಡಲ್’ ಬಂತು. ಇಡೀ ಸಾಮ್ರಾಜ್ಯಕ್ಕೆ ವರ್ಷಕ್ಕೆ 120, ಅದರಲ್ಲಿ ಭಾರತದ ಪಾಲು 50. ಕಾನೂನುಭಂಗ ಚಳವಳಿ ಕಾವೇರಿದ್ದ 1932ರಲ್ಲಿ ‘ಇಂಡಿಯನ್ ಪೊಲೀಸ್ ಮೆಡಲ್’ ಎಂಬ ಇನ್ನೊಂದನ್ನು ಸೇರಿಸಿದರು. ಇದರ ಮಿತಿ ವರ್ಷಕ್ಕೆ 200. ಚಳವಳಿ ಜೋರಾದಾಗಲೇ ಪದಕ ಜಾಸ್ತಿ ಮಾಡಿದ್ದು ಸುಮ್ನೆ ಕಾಕತಾಳೀಯ ಎಂದು ನಂಬುವುದು ಕಷ್ಟ. ಸ್ವಾತಂತ್ರ್ಯ ಬಂದ ಮೇಲೆ ಸಂವಿಧಾನದ 18ನೇ ವಿಧಿ ರಾವ್ ಬಹದ್ದೂರ್, ಖಾನ್ ಬಹದ್ದೂರ್‌ಗಳಂಥ ಬಿರುದುಗಳಿಗೆ ಬಾಗಿಲು ಹಾಕಿತು. ಪದಕಗಳು ಉಳಿದವು. 1951ರ ಮಾರ್ಚ್ 1ರಂದು ದೊರೆಯ ಜಾಗದಲ್ಲಿ ರಾಷ್ಟ್ರಪತಿ ಬಂದರು, ಅಷ್ಟೆ.

ಹೆಸರು ಬದಲಾದರೂ ನಿಯಮದ ಮಾತು ಹೆಚ್ಚೇನೂ ಬದಲಾಗಲಿಲ್ಲ. ಶೌರ್ಯ ಪದಕ ಯಾರಿಗೆ? ಜೀವ ಮತ್ತು ಆಸ್ತಿ ಉಳಿಸುವಾಗ, ಅಪರಾಧ ತಡೆಯುವಾಗ ಅಥವಾ ಅಪರಾಧಿಯನ್ನು ಹಿಡಿಯುವಾಗ ಎದ್ದು ಕಾಣುವ ಧೈರ್ಯ ತೋರಿಸಿದವರಿಗೆ. ಎದುರಿಸಿದ ಅಪಾಯವನ್ನು ಅಳೆಯುವಾಗ ಅದು ಅವರ ಕರ್ತವ್ಯದ ಭಾಗವೇ ಆಗಿತ್ತೇ ಎಂಬುದನ್ನೂ ನೋಡಬೇಕು. ಉಳಿಸುವುದು, ತಡೆಯುವುದು, ಹಿಡಿಯುವುದು. ಗುಂಡು ಹೊಡೆದು ಉರುಳಿಸುವುದು ಈ ಸಾಲಿನಲ್ಲಿ ಎಲ್ಲೂ ಇಲ್ಲ. ಆದರೂ ಶೌರ್ಯ ಪದಕ ಅಂದಾಕ್ಷಣ ನಮ್ಮ ತಲೆಗೆ ಮೊದಲು ಬರುವುದು ಎನ್‌ಕೌಂಟರ್, ಅಲ್ವಾ?

ಆಮೇಲೆ ಪದಕಗಳ ಸಂಸಾರ ಬೆಳೆಯುತ್ತಾ ಹೋಯಿತು. ಶೌರ್ಯಕ್ಕೆ ಎರಡು, ಸೇವೆಗೆ ಎರಡು. ಅಗ್ನಿಶಾಮಕ ದಳಕ್ಕೆ ಬೇರೆ, ಗೃಹರಕ್ಷಕರಿಗೆ ಬೇರೆ, ಕಾರಾಗೃಹ ಸಿಬ್ಬಂದಿಗೆ ಬೇರೆ. ಕಷ್ಟದ ಜಾಗಗಳಲ್ಲಿ ಇದ್ದು ಬಂದವರಿಗೆ ಇನ್ನೊಂದಷ್ಟು. 2018ರ ಹೊತ್ತಿಗೆ ತನಿಖೆಗೆ, ವಿಶೇಷ ಕಾರ್ಯಾಚರಣೆಗೆ ಅಂತ ಕೇಂದ್ರ ಗೃಹ ಸಚಿವರ ಹೆಸರಿನ ಪದಕಗಳೂ ಬಂದವು. ಇವುಗಳ ಕೆಳಗೆ ರಾಜ್ಯಗಳದ್ದೇ ಆದ ಪದಕಗಳು. ಎದೆಯ ಮೇಲಿನ ಬಣ್ಣದ ಪಟ್ಟಿ ನೋಡಿ ಯಾವುದು ಯಾವುದೆಂದು ಹೇಳುವುದು ಇಲಾಖೆಯವರಿಗೇ ಕಷ್ಟ.

ನಮ್ಮ ಕಡೆ ಈ ವಿಷಯದ ನಿಜವಾದ ಬಿಸಿ ತಟ್ಟಿದ್ದು ವೀರಪ್ಪನ್ ಕಾಲದಲ್ಲಿ. 1991ರ ನವೆಂಬರ್‌ನಲ್ಲಿ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಹತ್ಯೆಯಾಯಿತು. ಶರಣಾಗುತ್ತೇನೆ ಎಂದವನ ಮಾತು ನಂಬಿ ಹೋಗಿದ್ದವರು ಅವರು. ಅವರಿಗೆ ಮರಣೋತ್ತರವಾಗಿ ಶಾಂತಿಕಾಲದ ಶೌರ್ಯ ಪ್ರಶಸ್ತಿಯಾದ ಕೀರ್ತಿ ಚಕ್ರ ಬಂತು. ಅವರು ಪೊಲೀಸರಲ್ಲ, ಕೀರ್ತಿ ಚಕ್ರ ಪೊಲೀಸ್ ಪದಕವೂ ಅಲ್ಲ. ಮರುವರ್ಷ ಮೇ ತಿಂಗಳಲ್ಲಿ ರಾಮಾಪುರ ಠಾಣೆಯ ಮೇಲೆ ರಾತ್ರಿ ದಾಳಿ ನಡೆದು ಪೊಲೀಸರು ಸತ್ತರು. ಅದೇ ಆಗಸ್ಟ್ 14ರಂದು ಮೀಣ್ಯಂ ಬಳಿ ಮೈಸೂರು ಎಸ್ಪಿ ಟಿ. ಹರಿಕೃಷ್ಣ, ಪಿಎಸ್‌ಐ ಶಕೀಲ್ ಅಹಮದ್ ಮತ್ತು ಜೊತೆಗಿದ್ದ ಪೇದೆಗಳು ಹೊಂಚುದಾಳಿಗೆ ಬಲಿಯಾದರು. 1993ರ ಏಪ್ರಿಲ್‌ನಲ್ಲಿ ಪಾಲಾರ್ ಹತ್ತಿರ ನೆಲಬಾಂಬ್ ಸ್ಫೋಟಿಸಿ 22 ಜನ ಸತ್ತರು. ಅವರಲ್ಲಿ ಪೊಲೀಸರೂ ಇದ್ದರು, ಅರಣ್ಯ ಸಿಬ್ಬಂದಿಯೂ ಇದ್ದರು, ದಾರಿ ತೋರಿಸಲು ಬಂದಿದ್ದ ಮಾಹಿತಿದಾರರೂ ಇದ್ದರು. ಮೈಸೂರು, ಚಾಮರಾಜನಗರದ ಕಡೆ ಈ ಹೆಸರುಗಳನ್ನು ಈಗಲೂ ಜನ ಮರೆತಿಲ್ಲ. ಆ ಧೈರ್ಯದ ಬಗ್ಗೆ ಯಾರಿಗೂ ತಕರಾರಿಲ್ಲ.

ಅದೇ ಕಾಡಿನ ಇನ್ನೊಂದು ಕಥೆ ನಿಧಾನವಾಗಿ ಹೊರಬಂತು. ಕರ್ನಾಟಕ, ತಮಿಳುನಾಡು ಎರಡೂ ರಾಜ್ಯಗಳ ವಿಶೇಷ ಕಾರ್ಯಪಡೆ ಊರೂರಿಗೆ ನುಗ್ಗಿ ಜನರನ್ನು ಎಳೆದೊಯ್ದಿತು, ಹಿಂಸೆ ಕೊಟ್ಟಿತು ಎಂದು ಮಹದೇಶ್ವರ ಬೆಟ್ಟದ ಸುತ್ತಲಿನ ಹಳ್ಳಿಯವರು ದೂರಿದರು. ಬೆಟ್ಟದ ವಿಚಾರಣೆ ಜಾಗಕ್ಕೆ ಜನ ‘ವರ್ಕ್‌ಶಾಪ್’ ಎಂದೇ ಹೆಸರಿಟ್ಟಿದ್ದರು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ನಿವೃತ್ತ ನ್ಯಾಯಮೂರ್ತಿ ಎ.ಜೆ. ಸದಾಶಿವ ನೇತೃತ್ವದ ಸಮಿತಿ ಮಾಡಿತು. ಸಮಿತಿ ಹಳ್ಳಿಯವರ ಮಾತು ಕೇಳಿಸಿಕೊಂಡು ವರದಿ ಕೊಟ್ಟಿತು. 2004ರ ಅಕ್ಟೋಬರ್ 18ರಂದು ತಮಿಳುನಾಡಿನ ಪಾಪ್ಪಾರಪಟ್ಟಿ ಬಳಿ ವೀರಪ್ಪನ್ ಕಥೆ ಮುಗಿಯಿತು. ತಮಿಳುನಾಡು ಸರ್ಕಾರ ಕಾರ್ಯಪಡೆಯ 752 ಜನರಿಗೂ ಒಂದು ಹಂತದ ಬಡ್ತಿ, ತಲಾ 3 ಲಕ್ಷ ರೂಪಾಯಿ, ಮನೆ ಕಟ್ಟಲು ಸೈಟು ಘೋಷಿಸಿತು. ವೀರಪ್ಪನ್ ಇದ್ದ ವ್ಯಾನಿನ ಮೇಲೆ ಗುಂಡು ಹಾರಿಸಿದವರು ಬೆರಳೆಣಿಕೆ. ಬಹುಮಾನ ಬಂದದ್ದು ಇಡೀ ಪಡೆಗೆ. ಸಾಹಸಕ್ಕೂ ಹಾಜರಾತಿಗೂ ಇದ್ದ ಗೆರೆ ಅಲ್ಲಿ ಅಳಿಸಿಹೋಯಿತು ಅಂತ ನನಗನ್ನಿಸುತ್ತದೆ. ಇನ್ನೊಂದು ಕಡೆ ಸಂತ್ರಸ್ತರು 2007ರವರೆಗೆ ಕಾಯಬೇಕಾಯಿತು. ಆ ವರ್ಷ ಮಾನವ ಹಕ್ಕುಗಳ ಆಯೋಗ 89 ಜನರಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರಕ್ಕೆ ಹೇಳಿತು. ಬಹುಮಾನ ದಿನಗಳಲ್ಲಿ ಬಂತು, ಪರಿಹಾರ ವರ್ಷಗಟ್ಟಲೆ ತೆಗೆದುಕೊಂಡಿತು. 2012ರಲ್ಲಿ, ಕಾರ್ಯಪಡೆಯ ನೇತೃತ್ವ ವಹಿಸಿದ್ದ ಅಧಿಕಾರಿಯೊಬ್ಬರನ್ನು ನಮ್ಮ ರಾಜ್ಯದ ಡಿಜಿಪಿ ಮಾಡಿದ ವ್ಯಾಜ್ಯ ಹೈಕೋರ್ಟಿಗೆ ಹೋದಾಗ ಈ ಹಳೆಯ ದೂರುಗಳೇ ಮತ್ತೆ ಚರ್ಚೆಗೆ ಬಂದವು.

ಪದಕ ಮೊದಲು, ವಿಚಾರಣೆ ಆಮೇಲೆ ಎಂಬ ಈ ತಲೆಕೆಳಗಾದ ಕ್ರಮವನ್ನು ಸರಿಮಾಡಲು ಪ್ರಯತ್ನ ನಡೆದಿಲ್ಲ ಅಂತಲ್ಲ. ನಮ್ಮವರೇ ಆದ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯ ಮಾನವ ಹಕ್ಕುಗಳ ಆಯೋಗದ ಅಧ್ಯಕ್ಷರಾಗಿದ್ದಾಗ, 1997ರಲ್ಲಿ, ಎನ್‌ಕೌಂಟರ್ ಸಾವುಗಳ ಬಗ್ಗೆ ರಾಜ್ಯಗಳಿಗೆ ಮಾರ್ಗಸೂಚಿ ಹೋಯಿತು. ಮುಂದೆ ಅದನ್ನು ಪರಿಷ್ಕರಿಸಿದಾಗ ಪದಕ, ಬಡ್ತಿಯ ಮಾತೂ ಸೇರಿತು. 2014ರ ಸೆಪ್ಟೆಂಬರ್‌ನಲ್ಲಿ ನಾಗರಿಕ ಹಕ್ಕುಗಳ ಸಂಸ್ಥೆ ಪಿಯುಸಿಎಲ್ ಹೂಡಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 16 ಅಂಶಗಳ ನಿರ್ದೇಶನ ಕೊಟ್ಟಿತು. ಎನ್‌ಕೌಂಟರ್ ಆದ ಕೂಡಲೇ ಸರದಿ ತಪ್ಪಿಸಿ ಬಡ್ತಿ ಕೊಡಬಾರದು, ದಿಢೀರ್ ಶೌರ್ಯ ಬಹುಮಾನವನ್ನೂ ಕೊಡಬಾರದು. ಧೈರ್ಯ ತೋರಿಸಿದ್ದು ಅನುಮಾನಕ್ಕೆ ಎಡೆಯಿಲ್ಲದಂತೆ ಸಾಬೀತಾದ ಮೇಲಷ್ಟೇ ಕೊಡಬೇಕು ಎಂಬುದು ಅದರಲ್ಲಿ ಒಂದು. ನಿಯಮ ಸ್ಪಷ್ಟವಾಗಿದೆ. ಆದರೆ ಎನ್‌ಕೌಂಟರ್ ಆದ ಸಂಜೆಯೇ ವೇದಿಕೆ ಮೇಲೆ ನಗದು ಬಹುಮಾನ ಘೋಷಿಸುವ ಚಾಳಿ ನಿಂತಿಲ್ಲ. ಚಪ್ಪಾಳೆ ತಟ್ಟುವವರಲ್ಲಿ ನಾವೂ ಇದ್ದೇವೆ ಬಿಡಿ.

ಕೊಟ್ಟದ್ದನ್ನು ಕಿತ್ತುಕೊಳ್ಳುವ ಅವಕಾಶವೂ ಇದೆ. ಹೇಡಿತನ, ನಿಷ್ಠೆ ಇಲ್ಲದಿರುವುದು, ಪಡೆಗೆ ಕೆಟ್ಟ ಹೆಸರು ತರುವ ನಡತೆ ಕಂಡುಬಂದರೆ ರಾಷ್ಟ್ರಪತಿಗಳು ಪದಕವನ್ನು ರದ್ದು ಮಾಡಬಹುದು. ಹರಿಯಾಣದ ಮಾಜಿ ಡಿಜಿಪಿಯೊಬ್ಬರಿಗೆ 1985ರಲ್ಲಿ ಸೇವಾ ಪದಕ ಬಂದಿತ್ತು. 1990ರಲ್ಲಿ ಬಾಲಕಿಗೆ ಕಿರುಕುಳ ಕೊಟ್ಟ ಆರೋಪ ಬಂತು. ಶಿಕ್ಷೆಯಾಗಿದ್ದು 2009ರ ಡಿಸೆಂಬರ್‌ನಲ್ಲಿ. ಪದಕ ವಾಪಸಾಗಿದ್ದು 2010ರಲ್ಲಿ. ಅಷ್ಟರಲ್ಲಿ ಅವರು ರಾಜ್ಯದ ಅತಿ ದೊಡ್ಡ ಪೊಲೀಸ್ ಹುದ್ದೆಗೇರಿ ನಿವೃತ್ತರೂ ಆಗಿದ್ದರು.

2024ರ ಗಣರಾಜ್ಯೋತ್ಸವದ ಹೊತ್ತಿಗೆ ಸರ್ಕಾರ ಪೊಲೀಸ್, ಅಗ್ನಿಶಾಮಕ, ಗೃಹರಕ್ಷಕ ಮತ್ತು ಕಾರಾಗೃಹ ಸೇವೆಗಳ 16 ಪದಕಗಳನ್ನು ಒಟ್ಟುಗೂಡಿಸಿ ನಾಲ್ಕಕ್ಕೆ ಇಳಿಸಿತು. ರಾಷ್ಟ್ರಪತಿಗಳ ಶೌರ್ಯ ಪದಕ, ಶೌರ್ಯ ಪದಕ, ವಿಶಿಷ್ಟ ಸೇವೆಗೆ ರಾಷ್ಟ್ರಪತಿಗಳ ಪದಕ, ಶ್ಲಾಘನೀಯ ಸೇವಾ ಪದಕ. ಗೃಹ ಸಚಿವರ ಹೆಸರಿನವು ‘ಕೇಂದ್ರೀಯ ಗೃಹಮಂತ್ರಿ ದಕ್ಷತಾ ಪದಕ’ ಎಂಬ ಒಂದೇ ಹೆಸರಿಗೆ ಬಂದವು. ಒಳ್ಳೆಯ ಕೆಲಸವೇ. ಆ ಜನವರಿಯಲ್ಲಿ ಪಟ್ಟಿಯಲ್ಲಿದ್ದವರು 1,132 ಜನ. ಶೌರ್ಯಕ್ಕೆ 277. ಅದರಲ್ಲಿ 133 ಜಮ್ಮು-ಕಾಶ್ಮೀರದ್ದು, 119 ನಕ್ಸಲ್ ಪೀಡಿತ ಪ್ರದೇಶಗಳದ್ದು. ದೇಶದ ಉಳಿದೆಲ್ಲ ಕಡೆಗೆ ಸೇರಿ 25.

ಅದೇ ವರ್ಷ ಆಗಸ್ಟ್‌ನ ಪಟ್ಟಿಯಲ್ಲಿ 1,037 ಹೆಸರು. ಅಷ್ಟೂ ಜನರಲ್ಲಿ ಅತ್ಯುನ್ನತ ಶೌರ್ಯ ಪದಕ ಸಿಕ್ಕಿದ್ದು ಒಬ್ಬರಿಗೇ. ತೆಲಂಗಾಣದ ಹೆಡ್ ಕಾನ್‌ಸ್ಟೇಬಲ್ ಚದುವು ಯಾದಯ್ಯ. 2022ರ ಜುಲೈನಲ್ಲಿ ಅವರು ಬೆನ್ನುಹತ್ತಿದ್ದು ಸರಗಳ್ಳರನ್ನು. ಕಳ್ಳರು ಚಾಕುವಿನಿಂದ ಎದೆಗೆ, ಬೆನ್ನಿಗೆ, ಹೊಟ್ಟೆಗೆ, ಕೈಗೆ ಇರಿದರು. ರಕ್ತ ಸುರಿಯುತ್ತಿದ್ದರೂ ಅವರು ಹಿಡಿತ ಬಿಡಲಿಲ್ಲ. ಕಳ್ಳರು ಸಿಕ್ಕಿಬಿದ್ದರು, ಇವರು 17 ದಿನ ಆಸ್ಪತ್ರೆಯಲ್ಲಿದ್ದರು. ಒಂದು ಗುಂಡೂ ಹಾರಿಲ್ಲ, ಯಾರೂ ಸತ್ತಿಲ್ಲ. ನಿಯಮದಲ್ಲಿರುವ ‘ಅಪರಾಧಿಯನ್ನು ಹಿಡಿಯುವಾಗ’ ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೇ? ಹೀಗೆ ಸರಗಳ್ಳರ, ರೌಡಿಗಳ ಕೈಯಲ್ಲಿ ಏಟು ತಿನ್ನುವ ಪೇದೆಗಳು ನಮ್ಮ ಜಿಲ್ಲೆಗಳಲ್ಲೂ ಇದ್ದಾರೆ.

ಕರ್ನಾಟಕಕ್ಕೆ ಬರುವುದು ಹೆಚ್ಚಾಗಿ ಸೇವಾ ಪದಕಗಳೇ. ಅದರ ಜೊತೆಗೆ ನಮ್ಮದೇ ಮುಖ್ಯಮಂತ್ರಿಗಳ ಪದಕ ಇದೆ. ಏಪ್ರಿಲ್ 2ರ ಪೊಲೀಸ್ ಧ್ವಜ ದಿನದಂದು ಕೊಡುವ ರೂಢಿ. 1965ರಲ್ಲಿ ರಾಜ್ಯದ ಪೊಲೀಸ್ ಕಾಯ್ದೆ ಜಾರಿಗೆ ಬಂದ ದಿನ ಅದು. 2024ರಲ್ಲಿ ಮಾತ್ರ ನವೆಂಬರ್ 1ರಂದು ಪದಕ ಪ್ರದಾನ ನಡೆಯಿತು. ಮನೆಗೆ ಹೋಗಿ ನೋಡಿದರೆ ಹಲವು ಪದಕಗಳ ಮೇಲೆ ಕನ್ನಡದ ಅಕ್ಷರಗಳೇ ತಪ್ಪು! ಅದೂ ರಾಜ್ಯೋತ್ಸವದ ದಿನ. ಪದಕಗಳನ್ನು ವಾಪಸ್ ಪಡೆಯಬೇಕಾಯಿತು.

ನಗು ಬರುವ ಪ್ರಸಂಗ ನಿಜ. ಆದರೆ ಠಾಣೆಯಲ್ಲಿರುವವರ ಬೇಸರ ಬೇರೆಯದು. ಸೇವಾ ಪದಕಕ್ಕೆ ಫೈಲು ಹೊರಡುವುದು ಜಿಲ್ಲೆಯಿಂದ. ಎಷ್ಟು ವರ್ಷ ಸೇವೆ, ಎಷ್ಟು ರಿವಾರ್ಡ್, ಇಲಾಖಾ ವಿಚಾರಣೆ ಏನಾದರೂ ಇದೆಯೇ, ಮೇಲಿನವರ ಷರಾ ಹೇಗಿದೆ ಎಂಬುದನ್ನೆಲ್ಲ ಬರೆದು ಎಸ್ಪಿ ಸಹಿ ಹಾಕಬೇಕು. ಅಲ್ಲಿಂದ ಡಿಜಿಪಿ ಕಚೇರಿ, ಗೃಹ ಇಲಾಖೆ, ಆಮೇಲೆ ದೆಹಲಿ. ಸಾಹೇಬರ ಕಣ್ಣಿಗೆ ಬೀಳುವ ಜಾಗದಲ್ಲಿ ಕೆಲಸ ಮಾಡುವವರ ಫೈಲು ಬೇಗ ತಯಾರಾಗುತ್ತದೆ. ಬೀಟು, ಬಂದೋಬಸ್ತು, ಕೋರ್ಟ್ ಡ್ಯೂಟಿ ಅಂತ ಓಡಾಡುವವರ ಫೈಲು ಬರೆಯಲು ಯಾರಿಗೆ ಪುರುಸೊತ್ತಿದೆ? 2016ರ ಜೂನ್ 4ಕ್ಕೆ ರಾಜ್ಯದ ಪೇದೆಗಳು ಸಾಮೂಹಿಕ ರಜೆಗೆ ಕರೆ ಕೊಟ್ಟಾಗ ಮುಂದಿಟ್ಟ ಬೇಡಿಕೆಗಳು ಸಂಬಳ, ವಾರದ ರಜೆ, ಮೇಲಧಿಕಾರಿಗಳ ಕಿರುಕುಳಕ್ಕೆ ಕಡಿವಾಣ. ಪದಕ ಹೆಚ್ಚಿಸಿ ಎಂಬುದು ಅವರ ಬೇಡಿಕೆಯಾಗಿರಲಿಲ್ಲ. ಆ ಗದ್ದಲದ ಫಲವಾಗಿ ಬಂದ ಹಿರಿಯ ಪೊಲೀಸ್ ಅಧಿಕಾರಿ ರಾಘವೇಂದ್ರ ಔರಾದ್ಕರ್ ಸಮಿತಿ ವರದಿಯ ಸಂಬಳದ ಭಾಗ ಜಾರಿಯಾಗಲು 2019 ಆಯಿತು.

ಇನ್ನೊಂದು ಸಣ್ಣ ವಿಷಯ ಇದೆ, ಸರ್ಕಾರ ಮನಸ್ಸು ಮಾಡಿದರೆ ಇದಕ್ಕೆ ಖರ್ಚೂ ಇಲ್ಲ. ಶೌರ್ಯ ಪದಕ ಪಡೆದವರು ಏನು ಮಾಡಿದರು ಎಂಬುದು ಗೆಜೆಟ್‌ನಲ್ಲಿ ವಿವರವಾಗಿ ಪ್ರಕಟವಾಗುತ್ತದೆ. ಯಾರು ಬೇಕಾದರೂ ಓದಬಹುದು, ಪ್ರಶ್ನಿಸಬಹುದು. ಸೇವಾ ಪದಕದ ಪಟ್ಟಿಯಲ್ಲಿ ಹೆಸರು ಮತ್ತು ಹುದ್ದೆ ಅಷ್ಟೇ. ಯಾವ ಪ್ರಕರಣ ಭೇದಿಸಿದರು, ಯಾವ ಊರಿನ ಗಲಭೆ ತಣ್ಣಗಾಗಿಸಿದರು ಅಂತ ಎರಡು ಸಾಲು ಅಲ್ಲೂ ಬರೆದರೆ, ಯಾರಿಗೆ ಯಾಕೆ ಕೊಟ್ಟರು ಎಂಬುದು ಅವರ ಠಾಣೆ ವ್ಯಾಪ್ತಿಯ ಜನಕ್ಕಾದರೂ ಗೊತ್ತಾಗುತ್ತಿತ್ತು.