ವಿಮಾನ ಕುಗ್ಗಿತು, ಗಾಳಿ ಕುಗ್ಗಲಿಲ್ಲ

ನಮ್ಮ ಮಾಳಿಗೆ ಮೇಲಿನ ತಗಡಿನ ಶೆಡ್ಡಿನಲ್ಲಿ ಎರಡು ವರ್ಷ ಒಂದು ಯುದ್ಧವಿಮಾನ ಬೆಳೆಯಿತು. ಹೆಸರು ಎಚ್‌ಎಫ್-24 ಮರುತ್. ಅಸಲಿ ವಿಮಾನದ ಆರನೇ ಒಂದು ಪಾಲು ಅಳತೆ. ಮೂತಿಯಿಂದ ಬಾಲದವರೆಗೆ ಸುಮಾರು 2 ಮೀಟರ್ 65 ಸೆಂಟಿಮೀಟರ್, ರೆಕ್ಕೆಯ ತುದಿಯಿಂದ ತುದಿಗೆ ಒಂದೂವರೆ ಮೀಟರ್. ಅಂಗಡಿಯಿಂದ ಕಿಟ್ ತಂದು ಅಂಟಿಸಿದ್ದಲ್ಲ. ನಕ್ಷೆ ಬರೆದದ್ದು, ಥರ್ಮಾಕೋಲ್ ಕೊಯ್ದದ್ದು, ಬಾಲ್ಸಾ ಎಂಬ ಹಗುರ ಮರ ಹೊದಿಸಿದ್ದು ಎಲ್ಲ ಇಲ್ಲೇ, ಬಳ್ಳಾರಿಯಲ್ಲಿ. ಮೆಟ್ಟಿಲಲ್ಲಿ ಇಳಿಯುತ್ತೋ ಇಲ್ಲವೋ ಎಂದು ಮಾತ್ರ ಮೊದಲೇ ಅಳೆಯಲಿಲ್ಲ. ಕೊನೆಗೆ ನಡುವಿಗೆ ಗರಗಸ ಹಾಕಿ ಎರಡು ತುಂಡು ಮಾಡಬೇಕಾಯಿತು. ಮನೆಯಲ್ಲಿ ಇವತ್ತಿಗೂ ಆ ಮಾತು ಎತ್ತುತ್ತಾರೆ.

ರಫೇಲ್, ಸುಖೋಯ್ ಬಿಟ್ಟು ಇದನ್ನೇ ಯಾಕೆ ಹಿಡಿದೆ ಎಂದು ಬಹಳ ಜನ ಕೇಳುತ್ತಾರೆ. ಶಾಲೆಯ ಪ್ರವಾಸದಲ್ಲಿ ಬೆಂಗಳೂರಿಗೆ ಹೋದಾಗ, ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ಅಂಗಳದಲ್ಲಿ ಇದನ್ನು ನೋಡಿದ್ದೆ. ಮೇಷ್ಟ್ರು ಸಾಲು ಮಾಡಿ ಒಳಗೆ ಕರೆದರೂ ಕಾಲು ಏಳಲಿಲ್ಲ. ಆಮೇಲೆ ಓದುತ್ತಾ ಹೋದಂತೆ ಹುಚ್ಚು ಜಾಸ್ತಿಯಾಯಿತು. ಜರ್ಮನಿಯ ವಿಮಾನ ವಿನ್ಯಾಸಕ ಕುರ್ಟ್ ಟ್ಯಾಂಕ್ ಬೆಂಗಳೂರಿನ ಎಚ್‌ಎಎಲ್‌ಗೆ ಬಂದು, ಇಲ್ಲಿನ ಎಂಜಿನಿಯರುಗಳ ಜೊತೆ ಕೂತು ರೂಪಿಸಿದ ವಿಮಾನ ಇದು. 1961ರ ಜೂನ್ 17ರಂದು ಮೊದಲ ಸಲ ಹಾರಿತು. ಒಟ್ಟು 147 ತಯಾರಾದವು. ಅದಕ್ಕೂ ಮೊದಲು, 1959ರಲ್ಲಿ, ಅದೇ ಅಳತೆಯ ಎಂಜಿನ್ ಇಲ್ಲದ ಒಂದು ಮರದ ಗ್ಲೈಡರ್ ಮಾಡಿ, ಡಕೋಟಾ ವಿಮಾನಕ್ಕೆ ಕಟ್ಟಿ ಎಳೆದು, ಮೇಲೆ ಬಿಟ್ಟು ಪರೀಕ್ಷೆ ಮಾಡಿದ್ದರು. ಅಂದರೆ ಅಸಲಿ ಮರುತ್‌ಗಿಂತ ಮೊದಲು ಹುಟ್ಟಿದ್ದು ಒಂದು ಮರದ ಮಾಡೆಲ್ಲೇ. ಅಳತೆ ಮಾತ್ರ ಒಂದಕ್ಕೆ ಒಂದು!

ನಕ್ಷೆಯ ಪ್ರತಿ ಅಂಕಿಯನ್ನೂ ಆರರಿಂದ ಭಾಗಿಸಿದರೆ ಮುಗಿಯಿತು ಎಂದುಕೊಂಡಿದ್ದೆ. ಅಲ್ಲೇ ಎಡವಿದ್ದು.

ಒಂದು ಲಡ್ಡು ತಗೊಳ್ಳಿ. ಅದರ ಅರ್ಧ ಅಗಲದ ಇನ್ನೊಂದು ಲಡ್ಡು ಕಟ್ಟಿದರೆ ತೂಕ ಅರ್ಧ ಆಗುವುದಿಲ್ಲ, ಎಂಟನೇ ಒಂದು ಪಾಲಾಗುತ್ತದೆ. ಉದ್ದ, ಅಗಲ, ಎತ್ತರ ಮೂರೂ ಕುಗ್ಗಿದವಲ್ಲ. ಆದರೆ ಅದರ ಮೈ, ಅಂದರೆ ಹೊರಗಿನ ಹರವು, ಕುಗ್ಗುವುದು ನಾಲ್ಕನೇ ಒಂದಕ್ಕೆ ಮಾತ್ರ. ಮರುತ್‌ಗೂ ಇದೇ ಲೆಕ್ಕ. ಅದರ ರೆಕ್ಕೆಯ ಹರವು 28 ಚದರ ಮೀಟರ್. 36ರಿಂದ ಭಾಗಿಸಿದರೆ 0.78. ಖಾಲಿ ವಿಮಾನದ ತೂಕ 6,195 ಕೆ.ಜಿ. ಅದನ್ನು 216ರಿಂದ ಭಾಗಿಸಬೇಕು. ಸುಮಾರು 29 ಕೆ.ಜಿ. ಬರುತ್ತದೆ. ನನ್ನದು ಬ್ಯಾಟರಿ ಸೇರಿ 11 ಕೆ.ಜಿ.ಗೆ ನಿಂತಿತು. ಇಷ್ಟು ಹಗುರ ಮಾಡಿದ್ದು ಜಂಬಕ್ಕಲ್ಲ. ತೂಕ ಏರಿದಷ್ಟೂ ನೆಲ ಬಿಡಲು, ನೆಲ ಮುಟ್ಟಲು ಜೋರು ವೇಗ ಬೇಕು. ನೋಟದ ಲೆಕ್ಕ ಬೇರೆ. ಅಸಲಿ ಗಂಟೆಗೆ 800 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ತನ್ನ ಮೈಯುದ್ದದ 14 ಪಟ್ಟು ದೂರ ಹೋಗುತ್ತದೆ. ನನ್ನದು 133ರಲ್ಲಿ ಹೋದರೂ ಅಷ್ಟೇ ಪಟ್ಟು. ಅದಕ್ಕಿಂತ ಜೋರಾಗಿ ಹೋದರೆ ಹೆದರಿದ ಗುಬ್ಬಿಯ ಹಾಗೆ ಕಾಣುತ್ತದೆ.

ಎಲ್ಲವನ್ನೂ ಕುಗ್ಗಿಸಬಹುದು. ಗಾಳಿಯನ್ನು ಕುಗ್ಗಿಸಲು ಬರುವುದಿಲ್ಲ. ಅದರ ಕಣ ಅಷ್ಟೇ, ಅದರ ಅಂಟುಗುಣ ಅಷ್ಟೇ. ನಮಗೆ ಬಾವಿಯಲ್ಲಿ ಈಜುವುದು ಸಲೀಸು. ಅದೇ ಬಾವಿಯ ನೀರಿನ ಒಂದು ಹನಿ ಇರುವೆಗೆ ಸೆರೆಮನೆ. ಮೈ ಚಿಕ್ಕದಾದಷ್ಟೂ ಅದೇ ಗಾಳಿ ಅದಕ್ಕೆ ಮಂದವಾಗಿ ತೋರುತ್ತಾ ಹೋಗುತ್ತದೆ. ಇದನ್ನು ಅಳೆಯುವ ಅಂಕಿಗೆ ರೆನಾಲ್ಡ್ಸ್ ಸಂಖ್ಯೆ ಎನ್ನುತ್ತಾರೆ. ಇಂಗ್ಲೆಂಡಿನ ಆಸ್ಬೋರ್ನ್ ರೆನಾಲ್ಡ್ಸ್ 1883ರಲ್ಲಿ ಗಾಜಿನ ಕೊಳವೆಯೊಳಗೆ ಬಣ್ಣದ ನೀರು ಹರಿಸಿ ನೋಡಿದ ಪ್ರಯೋಗದಿಂದ ಬಂದದ್ದು. ಇಳಿಯುವ ವೇಗದಲ್ಲಿ ಅಸಲಿ ಮರುತ್‌ನ ರೆಕ್ಕೆಗೆ ಆ ಸಂಖ್ಯೆ ಒಂದು ಕೋಟಿ ದಾಟುತ್ತದೆ. ನನ್ನ ರೆಕ್ಕೆಗೆ ಆರು ಲಕ್ಷದ ಆಸುಪಾಸು. ಇಷ್ಟು ಕಡಿಮೆ ಆದಾಗ, ಚೂಪು ಮುಂಚೂಣಿಯ ತೆಳು ರೆಕ್ಕೆಯಿಂದ ಗಾಳಿ ಬೇಗ ಕಳಚಿಕೊಳ್ಳುತ್ತದೆ. ವಿಮಾನ ದಿಢೀರನೆ ಒಂದು ಮಗ್ಗುಲಿಗೆ ಬೀಳುತ್ತದೆ. ಅದಕ್ಕೇ ರೆಕ್ಕೆಯ ಮುಂಚೂಣಿಯನ್ನು ಅಸಲಿಗಿಂತ ಕೊಂಚ ಮೊಂಡಾಗಿ, ದಪ್ಪಗೆ ಮಾಡಿದೆ. ಹತ್ತಿರ ಬಂದು ನೋಡಿದವರಿಗೆ ತಪ್ಪು ಅನ್ನಿಸಬಹುದು. ಗಾಳಿಗೆ ಅದೇ ಸರಿ.

ಇನ್ನು ಬಳ್ಳಾರಿಯ ಗಾಳಿ. ನಮ್ಮೂರಿಗೆ ಎರಡೇ ಕಾಲ, ಒಂದು ಬೇಸಿಗೆ, ಇನ್ನೊಂದು ಕಡುಬೇಸಿಗೆ ಅಂತ ನಾವೇ ನಗಾಡುತ್ತೇವೆ ಅಲ್ವಾ? ಕಾದ ಗಾಳಿ ಹಿಗ್ಗುತ್ತದೆ, ಹಿಗ್ಗಿದ್ದು ಹಗುರಾಗುತ್ತದೆ. ಸಮುದ್ರಮಟ್ಟದಲ್ಲಿ 15 ಡಿಗ್ರಿಯ ಗಾಳಿ ಒಂದು ಘನ ಮೀಟರಿಗೆ 1.225 ಕೆ.ಜಿ. ತೂಗುತ್ತದೆ. ನಮ್ಮ ಎತ್ತರದಲ್ಲಿ, 40 ಡಿಗ್ರಿಯ ಮಧ್ಯಾಹ್ನ, ಅದು ಸುಮಾರು 1.06. ನೂರಕ್ಕೆ 13 ಪಾಲು ಗಾಳಿಯೇ ಇಲ್ಲ! ನನ್ನ ಲೆಕ್ಕದಲ್ಲಿ, ವಿಮಾನ ಬೀಳದೆ ನಿಲ್ಲುವ ಕನಿಷ್ಠ ವೇಗ ಗಂಟೆಗೆ 57 ಕಿ.ಮೀ.ನಿಂದ 61ಕ್ಕೆ ಏರಿತು. ನಾಲ್ಕೇ ಕಿಲೋಮೀಟರ್ ತಾನೇ ಎನ್ನಬೇಡಿ. ಎಂಜಿನ್ನಿನ ನೂಕುಬಲವೂ ಅದೇ ಗಾಳಿಯಿಂದ ಬರಬೇಕು, ಅದೂ ಇಳಿಯುತ್ತದೆ. ಎರಡು ಕಡೆಯಿಂದಲೂ ಪೆಟ್ಟು.

ಮೈ ಹೊದಿಸುವ ಕೆಲಸಕ್ಕೆ ಬಂದಾಗ ನನ್ನ ಫಿಸಿಕ್ಸ್ ಕೈಕೊಟ್ಟಿತು. ಪ್ಲೈವುಡ್ಡಿನ ಅಡ್ಡಗಟ್ಟುಗಳನ್ನು ಸಾಲಾಗಿ ನಿಲ್ಲಿಸಿ, ಮೇಲೆ ಬಾಲ್ಸಾ ಹಾಳೆ ಸುತ್ತಬೇಕು. ಬಾಲದ ಕಡೆ ಸಲೀಸಾಗಿ ಸುತ್ತಿಕೊಂಡಿತು. ಮೂತಿಯ ಹತ್ತಿರ ಸುಕ್ಕು, ಸೀಳು. ಮೂರು ಹಾಳೆ ಹಾಳಾದವು. ಪಕ್ಕದ ಬೀದಿಯಲ್ಲಿ ಜೀನ್ಸ್ ಘಟಕದ ಕಟಿಂಗ್ ಮಾಸ್ಟರ್ ಒಬ್ಬರಿದ್ದಾರೆ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವರಿಗೇನು ಬರ. ಒಂದು ಸಂಜೆ ಮೇಲೆ ಬಂದು, ಬೆರಳಲ್ಲಿ ತಡವಿ ನೋಡಿದರು. "ಸಾರ್, ಇದಕ್ಕ ಸೊಂಟ ಐತಲ್ಲ. ಸೊಂಟ ಇದ್ದ ಮೇಲೆ ಡಾರ್ಟ್ ಇಲ್ದೆ ಬಟ್ಟಿ ಕೂರಂಗಿಲ್ಲ" ಎಂದರು. ಡಾರ್ಟ್ ಅಂದರೆ ಬಟ್ಟೆ ಮೈಗೆ ಕೂರಲೆಂದು ಮೊನಚಾಗಿ ಮಡಿಸಿ ಹಾಕುವ ಹೊಲಿಗೆ.

ನಿಜ. ಕಾಗದವನ್ನು ಕೊಳವೆಗೆ ಸುತ್ತಬಹುದು, ಚೆಂಡಿಗೆ ಸುತ್ತಲಾಗದು. ಒಂದೇ ದಿಕ್ಕಿಗೆ ಬಾಗಿದ ಮೈಯನ್ನು ಚಪ್ಪಟೆ ಹಾಳೆ ಒಪ್ಪುತ್ತದೆ, ಎರಡು ದಿಕ್ಕಿಗೂ ಬಾಗಿದ್ದನ್ನು ಒಪ್ಪುವುದಿಲ್ಲ. ಗಣಿತಜ್ಞ ಗೌಸ್ ಇನ್ನೂರು ವರ್ಷದ ಹಿಂದೆ ಸಾಧಿಸಿ ತೋರಿಸಿದ್ದು ಇದನ್ನೇ. ದರ್ಜಿಗಳು ಅದಕ್ಕೂ ಮೊದಲೇ ಕತ್ತರಿ ಹಿಡಿದು ಕಂಡುಕೊಂಡಿದ್ದರು. ಪ್ಯಾಂಟಿನ ಹಿಂದೆ, ಸೊಂಟಪಟ್ಟಿಯ ಕೆಳಗೆ, ಓರೆಯಾದ ಒಂದು ಪಟ್ಟಿ ಇರುತ್ತದಲ್ಲ, ಯೋಕ್ ಎನ್ನುತ್ತಾರೆ. ಡಾರ್ಟನ್ನು ಆ ಹೊಲಿಗೆಯೊಳಗೇ ಬಚ್ಚಿಟ್ಟಿರುತ್ತಾರಂತೆ. ಇಷ್ಟು ವರ್ಷ ಜೀನ್ಸ್ ಹಾಕಿಯೂ ನನಗೆ ಗೊತ್ತಿರಲಿಲ್ಲ. ಮಾಸ್ಟರ್ ಪ್ಯಾಟರ್ನ್ ಕಾಗದದಲ್ಲಿ ಮೂತಿಯನ್ನು ಹನ್ನೆರಡು ಸೀಳು ಮಾಡಿ ಕತ್ತರಿಸಿ ಕೊಟ್ಟರು. ಅದನ್ನು ಬಾಲ್ಸಾ ಮೇಲಿಟ್ಟು ಕೊಯ್ದೆ. ಕೂತಿತು.

ಅವರು ಹೇಳಿದ ಸೊಂಟವೂ ಸುಮ್ನೆ ಬಂದದ್ದಲ್ಲ. ಶಬ್ದದ ವೇಗದ ಹತ್ತಿರ ಹೋದಾಗ ಗಾಳಿಗೆ ಪಕ್ಕಕ್ಕೆ ಸರಿಯಲು ಪುರಸೊತ್ತಿರುವುದಿಲ್ಲ. ಮೈಯ ಅಡ್ಡಹರವು ದಿಢೀರನೆ ಹೆಚ್ಚಿದರೆ ತಡೆ ಭಾರಿ ಏರುತ್ತದೆ. ರೆಕ್ಕೆ ಸೇರುವಲ್ಲಿ ಹರವು ಹೆಚ್ಚುತ್ತದಲ್ಲ, ಅಲ್ಲಿ ಮೈಯನ್ನು ಸಣ್ಣ ಮಾಡಿ ಸರಿದೂಗಿಸಿ ಎಂದು 1950ರ ದಶಕದಲ್ಲಿ ತೋರಿಸಿಕೊಟ್ಟವರು ಅಮೆರಿಕದ ರಿಚರ್ಡ್ ವಿಟ್‌ಕಾಂಬ್. ತಮಾಷೆ ನೋಡಿ, ನನ್ನ ಮಾಡೆಲ್ ಹೋಗುವುದು ಶಬ್ದದ ವೇಗದ ಹತ್ತನೇ ಒಂದರಲ್ಲಿ. ಒಂದು ತಿಂಗಳು ಉಜ್ಜಿ ಉಜ್ಜಿ ತಂದ ಆ ಸೊಂಟದಿಂದ ಹಾರಾಟಕ್ಕೆ ಕವಡೆ ಕಾಸಿನ ಪ್ರಯೋಜನವಿಲ್ಲ. ಆದರೆ ಅದಿಲ್ಲದಿದ್ದರೆ ಅದು ಮರುತ್ ಅಲ್ಲ.

ರೆಕ್ಕೆ ಥರ್ಮಾಕೋಲಿನದು. ಬಿಸಿ ನೈಕ್ರೋಮ್ ತಂತಿಯಿಂದ ಕೊಯ್ದು, ಗಾಜಿನ ಬಟ್ಟೆ ಹಾಸಿ, ಎಪಾಕ್ಸಿ ಎಂಬ ಗಟ್ಟಿ ಅಂಟು ಸವರಿದ್ದು. ಎಪಾಕ್ಸಿಗೆ ರೆಸಿನ್ನು, ಹಾರ್ಡನರು ಬೆರೆಸಿದ ಕೂಡಲೇ ಗಡಿಯಾರ ಓಡತೊಡಗುತ್ತದೆ. ಹತ್ತು ಡಿಗ್ರಿ ಏರಿದರೆ ಗಟ್ಟಿಯಾಗುವ ವೇಗ ಹೆಚ್ಚುಕಡಿಮೆ ಇಮ್ಮಡಿ. ಡಬ್ಬಿ ಮೇಲೆ ಅರ್ಧ ಗಂಟೆ ಎಂದು ಬರೆದದ್ದು ಏಪ್ರಿಲ್‌ನಲ್ಲಿ ಹತ್ತು ನಿಮಿಷವೂ ಬಾಳಲಿಲ್ಲ. ಪ್ಲಾಸ್ಟಿಕ್ ಲೋಟದಲ್ಲೇ ಬಿಟ್ಟಿದ್ದೆ, ಒಳಗೇ ಕಾದು ಹೊಗೆ ಬಂತು, ಲೋಟ ಕರಗಿತು. ಈಗ ಬೆರೆಸಿದ ತಕ್ಷಣ ಅಗಲವಾದ ಸ್ಟೀಲ್ ತಟ್ಟೆಗೆ ಸುರಿದುಬಿಡುತ್ತೇನೆ. ತೆಳ್ಳಗೆ ಹರಡಿದರೆ ಬಿಸಿ ಗಾಳಿಗೆ ಹೋಗುತ್ತದೆ, ಸಮಯ ಸಿಗುತ್ತದೆ.

ದೊಡ್ಡ ಪೆಟ್ಟು ಬಿದ್ದದ್ದು ಆಮೇಲೆ. ಗಾಢ ಹಸಿರು ಬಣ್ಣ ಬಳಿದು, ಒಣಗಲೆಂದು ರೆಕ್ಕೆಯನ್ನು ಮಾಳಿಗೆಯ ಬಿಸಿಲಿಗಿಟ್ಟು ಊಟಕ್ಕೆ ಹೋದೆ. ಬಂದು ನೋಡಿದರೆ ರೆಕ್ಕೆ ಹಪ್ಪಳದ ಹಾಗೆ ತಿರುಚಿಕೊಂಡಿದೆ. ಸಾಮಾನ್ಯ ಬಿಸಿಯಲ್ಲಿ ಗಟ್ಟಿಯಾದ ಎಪಾಕ್ಸಿ 50–60 ಡಿಗ್ರಿಯ ಹತ್ತಿರ ಮತ್ತೆ ಮೆತ್ತಗಾಗುತ್ತದೆ. ಗಾಢ ಬಣ್ಣದ ಮೈ ನಮ್ಮ ಬಿಸಿಲಿಗೆ ಅದನ್ನು ಸುಲಭವಾಗಿ ದಾಟುತ್ತದೆ. ಫೈಬರ್ ಗ್ಲೈಡರುಗಳಿಗೆ ಬಿಳಿ ಬಣ್ಣ ಬಳಿಯುವುದು ಶೋಕಿಗಲ್ಲ ಎಂದು ಅವತ್ತು ಅರ್ಥವಾಯಿತು. ಆದರೆ ಎಪಾಕ್ಸಿಯ ಇನ್ನೊಂದು ಗುಣ ಕೈಹಿಡಿಯಿತು. ಒಮ್ಮೆ ಗಟ್ಟಿಯಾದ ಮೇಲೆ ನಿಧಾನವಾಗಿ ಕಾಯಿಸಿದರೆ, ಮೆತ್ತಗಾಗುವ ಹಂತವೇ ಮೇಲೆ ಸರಿಯುತ್ತದೆ. ಇನ್ನೊಂದು ರೆಕ್ಕೆ ಮಾಡಿ, ಮಟ್ಟಸವಾದ ಕಡಪಾ ಕಲ್ಲಿನ ಮೇಲೆ ಮಲಗಿಸಿ, ಮೇಲೆ ಭಾರ ಹೇರಿ, ಕಪ್ಪು ಬಳಿದ ತಗಡಿನ ಪೆಟ್ಟಿಗೆ ಮುಚ್ಚಿದೆ. ಮೊದಲ ದಿನ ಬೆಳಗಿನ ಬಿಸಿಲು ಮಾತ್ರ, ಆಮೇಲೆ ಪೂರ್ತಿ ದಿನ. ಒಳಗೆ 66 ಡಿಗ್ರಿವರೆಗೂ ಹೋಯಿತು. 80ರ ಸುಮಾರಿಗೆ ಥರ್ಮಾಕೋಲೇ ಕುಗ್ಗುತ್ತದೆ, ಹಾಗಾಗಿ ಎದೆ ಡವಡವ. ಕಂಪನಿಗಳು ಇದಕ್ಕೆ ದೊಡ್ಡ ಒಲೆ ಇಟ್ಟುಕೊಂಡಿರುತ್ತವೆ. ನನಗೆ ಕರೆಂಟ್ ಬಿಲ್ ಕೂಡ ಬರಲಿಲ್ಲ.

ಎಂಜಿನ್ ವಿಷಯದಲ್ಲಿ ಒಂದು ಆಸೆ ಇತ್ತು. ಅಂಗೈಗಿಂತ ಸ್ವಲ್ಪ ದೊಡ್ಡದಾದ ನಿಜವಾದ ಜೆಟ್ ಎಂಜಿನ್ನುಗಳು ಈಗ ಸಿಗುತ್ತವೆ. ನಮ್ಮ ಕಡೆ ಚಿಮಣಿ ಎಣ್ಣೆ ಎನ್ನುತ್ತೇವಲ್ಲ, ಆ ಸೀಮೆಎಣ್ಣೆಯಲ್ಲೇ ಓಡುತ್ತವೆ. ನಿಮಿಷಕ್ಕೆ ಒಂದು ಲಕ್ಷಕ್ಕೂ ಜಾಸ್ತಿ ಸುತ್ತು. ಜರ್ಮನಿಯ ಕುರ್ಟ್ ಶ್ರೆಕ್ಲಿಂಗ್ ಎಂಬ ಹವ್ಯಾಸಿ ಮನೆಯಲ್ಲೇ ಅಂಥದ್ದನ್ನು ಮಾಡಿದಾಗ, ಗಾಳಿ ಒತ್ತುವ ಚಕ್ರವನ್ನು ಪ್ಲೈವುಡ್ಡಿನಲ್ಲಿ ಕೆತ್ತಿ, ಸುತ್ತ ಕಾರ್ಬನ್ ಎಳೆ ಬಿಗಿದಿದ್ದರು. ಆದರೆ ಬೆಲೆ ಲಕ್ಷಗಳಲ್ಲಿ. ಹಾಗಾಗಿ ಬ್ಯಾಟರಿಯಲ್ಲಿ ತಿರುಗುವ 90 ಮಿ.ಮೀ.ನ ಎರಡು ಫ್ಯಾನು, ಕೊಳವೆಯೊಳಗೆ. ಅಸಲಿಯ ಆರ್ಫಿಯಸ್ ಎಂಜಿನ್ನಿನ ಅಗಲ ಸುಮಾರು 82 ಸೆಂ.ಮೀ., ಅದರ ಆರನೇ ಒಂದು ಪಾಲಿನ ಜಾಗದಲ್ಲಿ ಇವು ಆರಾಮಾಗಿ ಕೂತವು. ಪೂರ್ತಿ ಕೊಟ್ಟಾಗ ಎರಡೂ ಸೇರಿ 10 ಕಿಲೋವ್ಯಾಟ್ ಎಳೆಯುತ್ತವೆ. ಹೆಚ್ಚುಕಡಿಮೆ ಹೊಲದ ಎರಡು ಪಂಪ್‌ಸೆಟ್ಟಿನಷ್ಟು. ಹದವಾಗಿ ಹಾರಿಸಿದರೂ ನಾಲ್ಕು ನಿಮಿಷಕ್ಕೆ ಬ್ಯಾಟರಿ ಖಾಲಿ. 2.8 ಕೆ.ಜಿ. ಬ್ಯಾಟರಿಯಲ್ಲಿ ತುಂಬಿಟ್ಟ ಶಕ್ತಿ ಅರ್ಧ ಟೀ ಲೋಟ ಸೀಮೆಎಣ್ಣೆಯಲ್ಲಿದೆ ಎಂದರೆ ನೀವೇ ಯೋಚಿಸಿ. ಫ್ಯಾನಿಗೆ ಮುಂದಿನ ಬಾಯಿಂದ ಗಾಳಿ ಸಾಲದೆ, ಹೊಟ್ಟೆಯ ಕೆಳಗೆ ಎರಡು ಕಳ್ಳ ಕಿಂಡಿ ತೆರೆದೆ. ಕೆಂಪು ದೂಳು ಒಳಗೆ ಹೋಗದಂತೆ ಸೊಳ್ಳೆ ಪರದೆಯ ಜಾಲರಿ.

ಇಲ್ಲೊಂದು ಸಮಾಧಾನ ಇದೆ. ಶಬ್ದವನ್ನು ಮೀರಿ ಹೋಗಬೇಕೆಂದು ರೂಪಿಸಿದ ಮರುತ್‌ಗೆ ತಕ್ಕ ಎಂಜಿನ್ ಕೊನೆಗೂ ಸಿಗಲಿಲ್ಲ. ಸಿಕ್ಕ ಎರಡು ಆರ್ಫಿಯಸ್‌ಗಳ ನೂಕುಬಲ ತುಂಬಿದ ವಿಮಾನದ ತೂಕದ ಅರ್ಧದಷ್ಟು. ಹಾಗಿದ್ದೂ 1971ರ ಯುದ್ಧದಲ್ಲಿ ಚೆನ್ನಾಗಿಯೇ ದುಡಿಯಿತು. ನನ್ನ ಮಾಡೆಲ್‌ಗೆ, ಕಾದ ಗಾಳಿಯ ಕಡಿತ ಕಳೆದ ಮೇಲೂ, ತೂಕದ ನೂರಕ್ಕೆ 70 ಪಾಲು ನೂಕುಬಲವಿದೆ.

ಫ್ಯಾನುಗಳು ಹಿಂದೆ ಕೂತದ್ದರಿಂದ ಬಾಲ ಭಾರವಾಯಿತು. ತಕ್ಕಡಿಯ ಲೆಕ್ಕವೇ. ಹಿಂದಿನ ಒಂದು ಕಿಲೋವನ್ನು ಸರಿದೂಗಿಸಲು ಮೂತಿಯ ತುದಿಯಲ್ಲಿ ಮುನ್ನೂರು ಗ್ರಾಂ ಸಾಕು, ದೂರ ಜಾಸ್ತಿ ಇರುವುದರಿಂದ. ಮುನಿರಾಬಾದಿನಲ್ಲಿ ಮೀನುಬಲೆಗೆ ಕಟ್ಟುವ ಸೀಸದ ಗುಂಡು ಸಿಕ್ಕವು. ಅವನ್ನು ಸುಮ್ನೆ ಮೂತಿಗೆ ಅಂಟಿಸಲು ಮನಸ್ಸಾಗಲಿಲ್ಲ. ಆರಕ್ಕೆ ಒಂದು ಅಳತೆಯಲ್ಲಿ ಮನುಷ್ಯ ಎಂದರೆ ಒಂದು ಅಡಿಗಿಂತ ತುಸು ಕಡಿಮೆ, ಕೂತರೆ ಅಂಗೈ ಎತ್ತರ. ಕೊಪ್ಪಳದ ಹತ್ತಿರ ಕಿನ್ನಾಳಕ್ಕೆ ಹೋಗಿ ಒಂದು ಗೊಂಬೆ ಮಾಡಿಸಿದೆ. ಹೆಲ್ಮೆಟ್ ಹಾಕಿದ ಪೈಲಟ್, ಆದರೆ ಕಣ್ಣು ಮಾತ್ರ ಪಕ್ಕಾ ಕಿನ್ನಾಳದ ದೊಡ್ಡ ಕಣ್ಣು. ಅಲ್ಲಿನವರು ಬಳಸುವುದು ತೀರಾ ಹಗುರ ಮರ, ನನಗೆ ಬೇಕಾದದ್ದು ಭಾರ. ಬೆನ್ನ ಕಡೆಯಿಂದ ಟೊಳ್ಳು ಮಾಡಿಸಿ, ಹಿಡಿದಷ್ಟು ಸೀಸ ತುಂಬಿದೆ. ಉಳಿದದ್ದು ಮೂತಿಗೆ.

ಡಿಸೆಂಬರಿನ ಒಂದು ಬೆಳಗ್ಗೆ ಆರೂವರೆಗೆ ಊರಾಚೆಯ ಖಾಲಿ ಲೇಔಟಿಗೆ ಒಯ್ದೆವು. ಎರೆಹೊಲದ ಬಿರುಕಿಗೆ ಚಕ್ರ ಸಿಕ್ಕಿಕೊಳ್ಳುತ್ತದೆ, ಡಾಂಬರು ರಸ್ತೆಯೇ ಬೇಕು. 2021ರ ಡ್ರೋನ್ ನಿಯಮಗಳ ಪ್ರಕಾರ ಮಾಡೆಲ್ ವಿಮಾನ 25 ಕೆ.ಜಿ. ಮೀರಬಾರದು, ಕಣ್ಣಳತೆಯಲ್ಲೇ ಹಾರಿಸಬೇಕು. ತೋರಣಗಲ್ಲಿನಲ್ಲಿ ವಿಮಾನ ನಿಲ್ದಾಣ ಇರುವುದರಿಂದ ಆ ದಿಕ್ಕಿನ ಊರುಗಳನ್ನು ಮೊದಲೇ ಬಿಟ್ಟಿದ್ದೆ. ಅವತ್ತು 18 ಡಿಗ್ರಿ. ಮೇ ಮಧ್ಯಾಹ್ನಕ್ಕಿಂತ ನೂರಕ್ಕೆ ಏಳೆಂಟು ಪಾಲು ದಟ್ಟವಾದ ಗಾಳಿ, ಬಿಟ್ಟಿಯಾಗಿ.

ಮೂರು ನಿಮಿಷ ಹತ್ತು ಸೆಕೆಂಡು ಹಾರಿತು. ಇಳಿದಾಗ ಒಂದು ಚಕ್ರ ಕಳಚಿ ಜಾಲಿ ಗಿಡದೊಳಗೆ ಹೋಯಿತು. ಕುರಿ ಬಿಟ್ಟು ಓಡಿ ಬಂದ ಹುಡುಗನೊಬ್ಬ ಗಾಜಿನೊಳಗೆ ಇಣುಕಿದ.

"ಸಾರ್, ಒಳಗ ಯಾರು ಕುಂತಾರ?"

"ಕಿನ್ನಾಳದವರು" ಎಂದೆ.

"ಅಂಜಿಕಿ ಆಗಂಗಿಲ್ಲೇನು ಅವರಿಗೆ?" ಎಂದು ಕೇಳಿ, ಉತ್ತರಕ್ಕೂ ಕಾಯದೆ, ಚಕ್ರ ಹುಡುಕಲು ಜಾಲಿಯೊಳಗೆ ನುಗ್ಗಿದ.