ಸೂಸಾದಲ್ಲಿ ಧಾರೆ ಎರೆದವರು ಯಾರು?

ಪ್ರಾಚೀನ ಇತಿಹಾಸದ ತರಗತಿಯಲ್ಲಿ, ಪರ್ಷಿಯದ ರಾಜಧಾನಿಗಳಲ್ಲೊಂದಾದ ಸೂಸಾದಲ್ಲಿ ಅಲೆಕ್ಸಾಂಡರ್ ನಡೆಸಿದ ಸಾಮೂಹಿಕ ಮದುವೆಯ ಪಾಠ ಬಂದಾಗ ನಾನು ಮೊದಲು ಕೇಳುವ ಪ್ರಶ್ನೆ ಇದು: ಹೆಣ್ಣನ್ನು ಧಾರೆ ಎರೆದುಕೊಟ್ಟವರು ಯಾರು? ಪೂರ್ವ ಪಶ್ಚಿಮಗಳ ಮಿಲನ ಎಂಬ ಸಿದ್ಧ ಉತ್ತರ ನನಗೆ ಸಾಲದು.

ಅಥೆನ್ಸ್‌ನಲ್ಲಿ ಮದುವೆ ನಿಶ್ಚಯವಾಗುತ್ತಿದ್ದುದು ತಂದೆಯ ಮಾತಿನಿಂದ. ಸಕ್ರಮ ಮಕ್ಕಳಿಗಾಗಿ ಇವಳನ್ನು ನಿನಗೆ ಕೊಡುತ್ತೇನೆ ಎಂದು ಅವನು ಹೇಳಬೇಕು, ಜೊತೆಗೆ ವರದಕ್ಷಿಣೆ. ಮ್ಯಾಸಿಡೋನಿಯದ ಅರಸರದು ಬೇರೆ ದಾರಿ. ಅಲೆಕ್ಸಾಂಡರನ ತಂದೆ ಎರಡನೆಯ ಫಿಲಿಪ್‌ಗೆ 7 ಹೆಂಡಿರು. ಪರ್ಷಿಯದಲ್ಲಂತೂ ಮದುವೆಯೇ ಸಿಂಹಾಸನದ ಹಕ್ಕುಪತ್ರ. ಮೊದಲನೆಯ ಡೇರಿಯಸ್ ಪಟ್ಟಕ್ಕೆ ಬಂದವನೇ ಸಾಮ್ರಾಜ್ಯ ಕಟ್ಟಿದ ಸೈರಸ್‌ನ ಇಬ್ಬರು ಹೆಣ್ಣುಮಕ್ಕಳನ್ನು, ಮೊಮ್ಮಗಳನ್ನೂ ಮದುವೆಯಾದ.

ಕ್ರಿ.ಪೂ. 324ರಲ್ಲಿ ಅಲೆಕ್ಸಾಂಡರ್ ಮಾಡಿದ್ದೂ ಅದನ್ನೇ. ತಾನು ಸೋಲಿಸಿದ ಪರ್ಷಿಯದ ಅರಸ ಮೂರನೆಯ ಡೇರಿಯಸ್‌ನ ಹಿರಿಮಗಳು ಸ್ಟಟೈರಾ ಅವನಿಗೆ, ತಂಗಿ ಡ್ರಿಪೆಟಿಸ್ ಗೆಳೆಯ ಹೆಫೈಸ್ಟಿಯನ್‌ಗೆ. ಅವನ ಸುಮಾರು 80 ಆಪ್ತ ಸರದಾರರಿಗೂ ಪರ್ಷಿಯದ ದೊಡ್ಡ ಮನೆತನಗಳ ಹೆಣ್ಣುಗಳು. ಗ್ರೀಕ್ ಇತಿಹಾಸಕಾರ ಅರಿಯನ್ ಹೇಳುವಂತೆ ಶಾಸ್ತ್ರವೆಲ್ಲ ಪರ್ಷಿಯನ್ನರದು. ವರರಿಗೆ ಸಾಲಾಗಿ ಪೀಠ ಹಾಕಿದ್ದರು. ಪಾನದ ನಂತರ ವಧುಗಳು ಬಂದು ತಮ್ಮ ತಮ್ಮ ವರನ ಪಕ್ಕ ಕುಳಿತರು. ವರರು ಅವರ ಕೈಹಿಡಿದು ಮುತ್ತಿಟ್ಟರು. ಮೊದಲು ರಾಜ, ಆಮೇಲೆ ಉಳಿದವರು.

ಇದರ ನಂತರದ ಸಾಲಿನಲ್ಲಿ ನನ್ನ ಪ್ರಶ್ನೆಗೆ ಉತ್ತರವಿದೆ: ಎಲ್ಲ ವಧುಗಳಿಗೂ ವರದಕ್ಷಿಣೆ ಕೊಟ್ಟವನು ಅಲೆಕ್ಸಾಂಡರನೇ. ಡೇರಿಯಸ್ ಸತ್ತು 6 ವರ್ಷವಾಗಿತ್ತು. ತಂದೆ ನಿಲ್ಲಬೇಕಾದ ಜಾಗದಲ್ಲಿ ಗೆದ್ದವನು ನಿಂತಿದ್ದ, ತಾನೇ ವರನೂ ಆಗಿದ್ದ. ಸ್ಟಟೈರಾ 9 ವರ್ಷ ಹಿಂದೆ ಇಸ್ಸಸ್ ಯುದ್ಧದಲ್ಲಿ ಸೆರೆಸಿಕ್ಕವಳು ಎಂಬುದನ್ನು ಮರೆತು ಈ ಮದುವೆಯನ್ನು ಓದಲು ನನಗೆ ಆಗುವುದೇ ಇಲ್ಲ.

ಧಾರೆ ಎರೆದವನು ಮರುವರ್ಷವೇ ಬ್ಯಾಬಿಲೋನ್‌ನಲ್ಲಿ ತೀರಿಕೊಂಡ. ಹಿಂದೆಯೇ ಸವತಿ ರೊಕ್ಸಾನಾ ಸ್ಟಟೈರಾಳನ್ನು ಕೊಲ್ಲಿಸಿದಳು ಎನ್ನುತ್ತಾನೆ ಗ್ರೀಕ್ ಚರಿತ್ರಕಾರ ಪ್ಲುಟಾರ್ಕ್. ಸೇನಾನಿ ಕ್ರೇಟರಸ್ ಸೂಸಾದಲ್ಲಿ ಕೈಹಿಡಿದ ಹೆಂಡತಿ ಅಮಾಸ್ಟ್ರಿಸ್‌ಳನ್ನು ಬಿಟ್ಟ. ಅವಳು ಮುಂದೆ ಕಪ್ಪು ಸಮುದ್ರದ ದಡದಲ್ಲಿ ತನ್ನ ಹೆಸರಿನ ಊರನ್ನೇ ಕಟ್ಟಿದಳು, ಅದೇ ಇಂದಿನ ಟರ್ಕಿಯ ಅಮಾಸ್ರಾ. ಹೆಚ್ಚಿನ ವಧುಗಳ ಸುದ್ದಿ ಮತ್ತೆ ಬರುವುದಿಲ್ಲ.

ಮುಂದೆ ತನ್ನದೇ ರಾಜ್ಯ ಕಟ್ಟಿದ ಸೇನಾನಿ ಸೆಲ್ಯೂಕಸ್ ಮಾತ್ರ ಸೂಸಾದ ತನ್ನ ವಧು ಅಪಾಮಾಳನ್ನು ಕೈಬಿಡಲಿಲ್ಲ. ಅವಳ ತಂದೆ ಸ್ಪಿಟಮಿನಿಸ್ ಅಲೆಕ್ಸಾಂಡರನ ವಿರುದ್ಧ ಕತ್ತಿ ಹಿಡಿದವನು. ಸೆಲ್ಯೂಕಸ್ ಮತ್ತು ಅಪಾಮಾರ ಮಗ ಆಂಟಿಯೋಕಸ್ ರಾಜ್ಯವಾಳಿದ, ಅವನ ನಂತರ ಅದೇ ಹೆಸರಿನ ಮೊಮ್ಮಗ. ಅಶೋಕನ 13ನೆಯ ಬಂಡೆಶಾಸನದಲ್ಲಿ ಬರುವ ಯವನರಾಜ ಅಂತಿಯೋಕ ಈ ಮೊಮ್ಮಗನೇ.