ಅಜ್ಜಿಯ ಆರು ಉಸಿರು

ಸಾಗರದ ಹತ್ತಿರದ ನಮ್ಮ ಮನೆಯಲ್ಲಿ ಅವತ್ತು ಸಂಜೆ ಕರೆಂಟು ಹೋಗಿತ್ತು. ಜುಲೈ ತಿಂಗಳು ಅಂದ ಮೇಲೆ ಇದನ್ನು ಬೇರೆ ಹೇಳಬೇಕಾಗಿರಲಿಲ್ಲ. ಅಜ್ಜಿ ದೀಪ ಹಚ್ಚಿ, ಮಣೆ ಹಾಕಿಕೊಂಡು ಜಪಕ್ಕೆ ಕೂತಿದ್ದಳು. ಹೊರಗೆ ಹಂಚಿನ ಮೇಲೆ ಧೋ ಅಂತ ಮಳೆ. ಮೊಬೈಲ್ ಸತ್ತಿದ್ದರಿಂದ ನನಗೆ ಮಾಡಲು ಬೇರೆ ಕೆಲಸ ಇರಲಿಲ್ಲ. ಸುಮ್ನೆ ಅವಳ ಉಸಿರು ಎಣಿಸಲು ಶುರುಮಾಡಿದೆ.

ಅವಳು ಒಂದು ಉಸಿರಿನಲ್ಲಿ ಐದಾರು ಸಲ 'ನಮಃ ಶಿವಾಯ' ಹೇಳುತ್ತಿದ್ದಳು. ತುಟಿ ಅಲ್ಲಾಡುವುದು ನಿಲ್ಲುತ್ತಿತ್ತು. ಸೆರಗು ಸ್ವಲ್ಪ ಮೇಲೇಳುತ್ತಿತ್ತು. ಮತ್ತೆ ತುಟಿ. ಕೈಗಡಿಯಾರ ನೋಡಿಕೊಂಡು ಒಂದು ನಿಮಿಷ ಎಣಿಸಿದೆ. ಆರು. ತಪ್ಪಿರಬೇಕು ಅಂತ ಮತ್ತೆ ಎಣಿಸಿದೆ. ಆರೇ.

"ಎಂತಾ ಮಾಣಿ ಅದು?" ಅಂದಳು, ಕಣ್ಣು ತೆರೆಯದೆ.

ನನಗೆ ಆ ಸಂಖ್ಯೆ ಹೊಸದಾಗಿರಲಿಲ್ಲ. ಅದೇ ಸಂಖ್ಯೆ ಇಟಲಿಯಲ್ಲಿ ಸಿಕ್ಕಿದ್ದನ್ನು ಓದಿದ್ದೆ. ಆ ಕಥೆಗೆ ಬರುವ ಮುಂಚೆ ನಮ್ಮ ಚಿಕ್ಕಪ್ಪನ ವಿಷಯ ಹೇಳಬೇಕು. ಅವರು ದೇವಸ್ಥಾನದ ಮೆಟ್ಟಿಲು ಹತ್ತುವುದಿಲ್ಲ. ಜನಿವಾರವನ್ನು ಕಾಲೇಜಿನ ಕಾಲದಲ್ಲೇ ಬಿಚ್ಚಿಟ್ಟವರು. ಆದರೆ ಊರಲ್ಲಿ ಯಾರ ಮನೆ ಆಸ್ತಿ ಪಾಲಾದರೂ ಪಂಚಾಯಿತಿಗೆ ಕರೆಯುವುದು ಅವರನ್ನೇ. ಕುಡಿತ ಇಲ್ಲ, ಸಾಲ ಇಲ್ಲ, ಸಿಟ್ಟು ಅಪರೂಪ. ಹೀಗಿದ್ದೂ ಮದುವೆ ಮನೆಗಳಲ್ಲಿ ಯಾರಾದರೊಬ್ಬರು ಅವರನ್ನು ಹಿಡಿದು ಕೇಳುತ್ತಲೇ ಇರುತ್ತಾರೆ: "ದೇವರಿಲ್ಲ ಅಂದ್ರೆ ಬದುಕಿಗೆ ಹಿಡಿತ ಎಲ್ಲಿಂದ ಬರುತ್ತೆ ಮಾರಾಯ?" ಈ ಪ್ರಶ್ನೆ ಕೇಳಿ ಕೇಳಿ ಅವರಿಗಿಂತ ಜಾಸ್ತಿ ನನಗೇ ಸಾಕಾಗಿದೆ. ಧರ್ಮ ಇಲ್ಲದೆ ನೆಮ್ಮದಿಯಾಗಿ ಬದುಕಲು ಆಗುತ್ತದಾ ಅನ್ನುವುದೇ ಅದರೊಳಗಿನ ಪ್ರಶ್ನೆ.

ಒಂದು ಮಾತು. ಧರ್ಮ ಅನ್ನುವ ಪದ ನಮ್ಮಲ್ಲಿ ಸಿಕ್ಕಾಪಟ್ಟೆ ಅಗಲ. ಧರ್ಮಕ್ಕೆ ಸಿಕ್ಕಿದ ಊಟದಿಂದ ಹಿಡಿದು ಧರ್ಮದೇಟಿನವರೆಗೆ ಎಲ್ಲವೂ ಅದರೊಳಗೆ ಬರುತ್ತದೆ. ನಾನು ಇಲ್ಲಿ ಹೇಳುತ್ತಿರುವುದು ದೇವರು, ಪೂಜೆ, ಹರಕೆ, ಜಾತ್ರೆ ಎಲ್ಲ ಸೇರಿದ ಆ ಒಂದು ಗಂಟಿನ ಬಗ್ಗೆ ಮಾತ್ರ.

ಈಗ ಇಟಲಿ. ಪಾವಿಯಾ ವಿಶ್ವವಿದ್ಯಾಲಯದ ಲುಚಿಯಾನೊ ಬೆರ್ನಾರ್ಡಿ ಮತ್ತು ಜೊತೆಗಾರರು 23 ಜನ ಆರೋಗ್ಯವಂತರನ್ನು ಕೂರಿಸಿ ಎರಡು ಪ್ರಾರ್ಥನೆ ಹೇಳಿಸಿದರು. ಒಂದು, ಕ್ರೈಸ್ತರು ಜಪಸರ ಹಿಡಿದು ಲ್ಯಾಟಿನ್‌ನಲ್ಲಿ ಹೇಳುವ 'ಆವೆ ಮರಿಯಾ'. ಇನ್ನೊಂದು, 'ಓಂ ಮಣಿ ಪದ್ಮೇ ಹುಂ'. ಮುಂಡಗೋಡಿನ ಟಿಬೆಟನ್ ಕಾಲೊನಿಗೆ ಹೋಗಿ ಬಂದವರಿಗೆ ಇದು ಗೊತ್ತಿರುತ್ತದೆ. ಎರಡರಲ್ಲೂ ಉಸಿರಾಟ ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಯಿತು. ಮಾಮೂಲಿ ಹೊತ್ತಿನಲ್ಲಿ ಅದೇ ಜನರದ್ದು ಹದಿನಾಲ್ಕರ ಆಸುಪಾಸು ಇತ್ತು. 2001ರ ಡಿಸೆಂಬರಿನಲ್ಲಿ ಈ ಅಧ್ಯಯನ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು.

ಆರರಲ್ಲಿ ಅಂಥದ್ದೇನಿದೆ? ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಯಾಕೆಂದರೆ ಈ ಭಾಗ ನನಗೆ ಬಹಳ ಇಷ್ಟ.

ಕುತ್ತಿಗೆಯ ಎರಡೂ ಬದಿಯ ದೊಡ್ಡ ರಕ್ತನಾಳಗಳಲ್ಲಿ, ಹೃದಯದ ಮೇಲಿನ ಮಹಾಧಮನಿಯ ಬಾಗಿನಲ್ಲಿ, ರಕ್ತದ ಒತ್ತಡವನ್ನು ಅಳೆಯುವ ನರತುದಿಗಳಿವೆ. ಒತ್ತಡ ಏರಿ ನಾಳ ಹಿಗ್ಗಿತು ಅಂದರೆ ಇವು ಮಿದುಳಿನ ಬುಡಕ್ಕೆ ಸುದ್ದಿ ಕಳಿಸುತ್ತವೆ. ಅಲ್ಲಿಂದ ವೇಗಸ್ ನರದ ಮೂಲಕ ಹೃದಯಕ್ಕೆ ಅಪ್ಪಣೆ ಬರುತ್ತದೆ: ನಿಧಾನ. ರಕ್ತನಾಳಗಳಿಗೂ ಸಡಿಲವಾಗಿ ಅಂತ ಸಂದೇಶ ಹೋಗುತ್ತದೆ. ಹೃದಯ ತಕ್ಷಣ ಕೇಳುತ್ತದೆ. ರಕ್ತನಾಳಗಳು ಮಾತ್ರ ಕೆಲವು ಸೆಕೆಂಡು ತಡವಾಗಿ ಕೇಳುತ್ತವೆ.

ಬಚ್ಚಲಲ್ಲಿ ಬಿಸಿನೀರು ತಣ್ಣೀರು ಬೆರೆಸುವ ನಲ್ಲಿ ಇದ್ದರೆ ನಿಮಗೆ ಇದರ ಅನುಭವ ಇದ್ದೇ ಇರುತ್ತದೆ. ಸುಡುತ್ತೆ ಅಂತ ತಣ್ಣೀರು ತಿರುಗಿಸುತ್ತೀರಿ. ಪೈಪಲ್ಲಿ ನೀರು ಬರಲು ಹೊತ್ತು ಹಿಡಿಯುತ್ತದೆ. ಅಷ್ಟರಲ್ಲಿ ಇನ್ನೊಂದು ಸುತ್ತು ತಿರುಗಿಸಿರುತ್ತೀರಿ. ಈಗ ಚಳಿ. ಮತ್ತೆ ಬಿಸಿ. ತಡವಾಗಿ ಬರುವ ಉತ್ತರದಿಂದ ಹೀಗೆ ಏರಿಳಿತ ಹುಟ್ಟುತ್ತದೆ. ನಮ್ಮ ರಕ್ತದೊತ್ತಡವೂ ಇದೇ ಕಾರಣಕ್ಕೆ ಸುಮಾರು ಹತ್ತು ಸೆಕೆಂಡಿಗೊಮ್ಮೆ ಏರಿ ಇಳಿಯುತ್ತಿರುತ್ತದೆ, ದಿನವಿಡೀ, ನಮಗೆ ಗೊತ್ತೇ ಆಗದಂತೆ.

ಇನ್ನು ಉಸಿರು. ನಾಡಿ ಹಿಡಿದು ನಿಧಾನ ಉಸಿರಾಡಿ ನೋಡಿ. ಒಳಗೆ ಎಳೆದಾಗ ಬಡಿತ ಚುರುಕಾಗುತ್ತದೆ, ಬಿಟ್ಟಾಗ ನಿಧಾನವಾಗುತ್ತದೆ. ಅಂದರೆ ದೇಹದಲ್ಲಿ ಎರಡು ಅಲೆಗಳಿವೆ: ಉಸಿರಿನದ್ದೊಂದು, ಒತ್ತಡದ್ದೊಂದು. ಮಾಮೂಲಿಯಾಗಿ ಇವೆರಡೂ ತಮ್ಮ ಪಾಡಿಗೆ ತಾವಿರುತ್ತವೆ. ನಿಮಿಷಕ್ಕೆ ಆರು ಉಸಿರು ಅಂದರೆ ಒಂದು ಉಸಿರಿಗೆ ಹತ್ತು ಸೆಕೆಂಡು. ಆಗ ಎರಡೂ ಅಲೆ ಒಂದರ ಮೇಲೊಂದು ಕೂರುತ್ತವೆ. ತೂಗುಮಣೆಯನ್ನು ಸರಿಯಾದ ಹೊತ್ತಿಗೆ ತಳ್ಳಿದ ಹಾಗೆ. ಬಲ ಹಾಕಬೇಕಿಲ್ಲ, ಹೊತ್ತು ತಪ್ಪಬಾರದು ಅಷ್ಟೆ. ಹೃದಯದ ಏರಿಳಿತ ದೊಡ್ಡದಾಗುತ್ತದೆ, ಒತ್ತಡ ಕಾಯುವ ಆ ವ್ಯವಸ್ಥೆ ಇನ್ನಷ್ಟು ಸೂಕ್ಷ್ಮವಾಗುತ್ತದೆ. ಬೆರ್ನಾರ್ಡಿ ಅಳೆದು ತೋರಿಸಿದ್ದು ಇದನ್ನೇ.

ಇನ್ನೊಂದು ಹೋಲಿಕೆ ಕೊಡದಿದ್ದರೆ ನನಗೆ ಸಮಾಧಾನವಿಲ್ಲ. ಹಿಂದೆ ಒಂದೇ ಒರಳಿಗೆ ಇಬ್ಬರು ಹೆಂಗಸರು ಒನಕೆ ಹಾಕಿ ಭತ್ತ ಕುಟ್ಟುತ್ತಿದ್ದರು. ಒಬ್ಬಳದು ಏಳುವಾಗ ಇನ್ನೊಬ್ಬಳದು ಬೀಳಬೇಕು. ಲಯ ತಪ್ಪಿದರೆ ಒನಕೆಗೆ ಒನಕೆ ಬಡಿಯುತ್ತದೆ. ಲಯ ತಪ್ಪದಿರಲಿ ಅಂತಲೇ ಹಾಡು. ಜಪ ಮಾಡುವುದೂ ಆ ಹಾಡಿನ ಕೆಲಸವನ್ನೇ.

ಗಮನಿಸಿ, ಲ್ಯಾಟಿನ್ ಪ್ರಾರ್ಥನೆಗೂ ಟಿಬೆಟಿನ ಮಂತ್ರಕ್ಕೂ ಒಂದೇ ಉತ್ತರ ಬಂತು. ಮೇರಿ ಯಾರು, ಪದ್ಮ ಯಾವುದು ಅಂತ ವೇಗಸ್ ನರ ವಿಚಾರಿಸಲಿಲ್ಲ. ಯಾವ ಮಂತ್ರವೂ ಇಲ್ಲದೆ ಗಡಿಯಾರ ನೋಡಿಕೊಂಡು ನಿಮಿಷಕ್ಕೆ ಆರು ಉಸಿರಾಡಿದರೂ ಆಗುವುದು ಇದೇ.

ಹಾಗಾದರೆ ದೇವರು ಬೇಡ, ಗಡಿಯಾರ ಸಾಕು ಅಂತ ನಾನೂ ಹಾರಾಡಿದ್ದೆ. ಮೊಬೈಲಿಗೆ ಉಸಿರಾಟದ ಆ್ಯಪ್ ಹಾಕಿಕೊಂಡೆ. ಹನ್ನೊಂದು ದಿನ ನಡೆಯಿತು. ಹನ್ನೆರಡನೇ ದಿನ ನೆಂಟರು ಬಂದರು, ಅಲ್ಲಿಗೆ ಮುಗಿಯಿತು. ಅಜ್ಜಿ ಅದೇ ಮಣೆಯ ಮೇಲೆ ಐವತ್ತು ವರ್ಷದಿಂದ ಕೂರುತ್ತಿದ್ದಾಳೆ. ನೆಂಟರು ಬಂದರೆ ಅವರನ್ನೂ ಪಕ್ಕಕ್ಕೆ ಕೂರಿಸಿಕೊಳ್ಳುತ್ತಾಳೆ.

ಉಸಿರಿನದ್ದು ಹೀಗಾಯಿತು. ಭಯದ್ದು? ಪೋಲೆಂಡ್ ಮೂಲದ ಮಾನವಶಾಸ್ತ್ರಜ್ಞ ಮಲಿನೋವ್‌ಸ್ಕಿ ಮೊದಲ ಮಹಾಯುದ್ಧದ ಕಾಲದಲ್ಲಿ ಟ್ರೋಬ್ರಿಯಂಡ್ ದ್ವೀಪಗಳಲ್ಲಿ ವಾಸವಿದ್ದು ಒಂದು ಸಂಗತಿ ಗಮನಿಸಿದರು. ಅಲ್ಲಿನವರು ಒಳಗಿನ ಶಾಂತ ಹಿನ್ನೀರಿನಲ್ಲಿ ಮೀನು ಹಿಡಿಯುವಾಗ ಯಾವ ಮಂತ್ರವೂ ಹೇಳುತ್ತಿರಲಿಲ್ಲ. ಅಲ್ಲಿ ಮೀನು ಸಿಗುವುದು ಖಾತ್ರಿ. ತೆರೆದ ಸಮುದ್ರಕ್ಕೆ ಹೊರಟಾಗ ಮಾತ್ರ ಮಂತ್ರ, ಮಾಟ, ಕಟ್ಟುಪಾಡು ಎಲ್ಲ ಇರುತ್ತಿತ್ತು.

ಇದಕ್ಕೆ ಟ್ರೋಬ್ರಿಯಂಡಿಗೆ ಹೋಗಬೇಕಿಲ್ಲ, ಅಡಿಕೆ ತೋಟ ಸಾಕು. ಮಳೆಗಾಲದಲ್ಲಿ ಕೊಳೆರೋಗ ಬಂದರೆ ಎಳೆ ಅಡಿಕೆ ಬುಡಬುಡ ಉದುರಿ, ವರ್ಷದ ಅನ್ನ ಮಣ್ಣುಪಾಲಾಗುತ್ತದೆ. ಮೊದಲು ಜನರಿಗಿದ್ದದ್ದು ಎರಡೇ ದಾರಿ: ಗೊನೆಗೆ ಮಳೆ ತಾಗದ ಹಾಗೆ ಕೊಟ್ಟೆ ಕಟ್ಟುವುದು, ದೇವರಿಗೆ ಹರಕೆ ಹೊರುವುದು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಲೆಸ್ಲಿ ಕೋಲ್ಮನ್ ಎಂಬ ಕೆನಡಾದ ವಿಜ್ಞಾನಿ ಈ ರೋಗವನ್ನು ಕೂಲಂಕಷವಾಗಿ ನೋಡಿ, ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಗೊನೆಗೆ ಸಿಂಪಡಿಸುವ ದಾರಿ ತೋರಿಸಿದರು. ಆ ದ್ರಾವಣದ ಹುಟ್ಟೂ ತಮಾಷೆಯದ್ದೇ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕದಿಯದಿರಲಿ ಅಂತ ರೈತರು ರಸ್ತೆ ಬದಿಯ ಬಳ್ಳಿಗಳಿಗೆ ಇದನ್ನು ಬಳಿಯುತ್ತಿದ್ದರು. ಆ ಬಳ್ಳಿಗಳಿಗೆ ಮಾತ್ರ ರೋಗ ತಗುಲದ್ದನ್ನು ಮಿಲಾರ್ಡೆ ಎಂಬ ಸಸ್ಯಶಾಸ್ತ್ರಜ್ಞ ಗಮನಿಸಿದರು. 1885ರಲ್ಲಿ ಅದನ್ನು ಪ್ರಕಟಿಸಿದರು. ಕಳ್ಳರ ಭಯಕ್ಕೆ ಹುಟ್ಟಿದ ಮದ್ದು ನಮ್ಮ ತೋಟ ಕಾಯಿತು.

ಈಗ ನಮ್ಮ ಮನೆಯ ಹರಕೆಪಟ್ಟಿ ನೋಡಿದರೆ ನಗು ಬರುತ್ತದೆ. ಔಷಧಿ ಹೊಡೆಸಿದ ಮೇಲೆ ಕೊಳೆಗೆ ಹರಕೆ ಇಲ್ಲ. ಮರ ಹತ್ತುವ ಕೊನೆಗೌಡ ಸರಿಯಾದ ದಿನಕ್ಕೆ ಬರಲಿ ಅಂತ ಇದೆ. ಅಡಿಕೆಗೆ ರೇಟು ಬರಲಿ ಅಂತ ಇದೆ. ಕೈಗೆ ಸಿಗದ್ದಕ್ಕೆಲ್ಲ ಹರಕೆ ಇದೆ, ಕೈಗೆ ಸಿಕ್ಕಿದ್ದಕ್ಕೆ ಇಲ್ಲ. 150ಕ್ಕೂ ಹೆಚ್ಚು ದೇಶಗಳ ಸಮೀಕ್ಷೆಯ ಅಂಕಿಅಂಶ ಇಟ್ಟುಕೊಂಡು ಎಡ್ ಡೀನರ್ ಮತ್ತು ಸಂಗಡಿಗರು 2011ರಲ್ಲಿ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಹಸಿವು, ಅಭದ್ರತೆ ಇರುವ ಕಡೆ ದೇವರನ್ನು ನಂಬುವವರು ಹೆಚ್ಚು ನೆಮ್ಮದಿಯಿಂದಿರುತ್ತಾರೆ. ಬದುಕು ಸಲೀಸಾಗಿರುವ ದೇಶಗಳಲ್ಲಿ ನಂಬುವವರಿಗೂ ನಂಬದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ.

ಅಂದಮಾತ್ರಕ್ಕೆ ಹರಕೆಯಿಂದ ರೇಟು ಏರುತ್ತೆ ಅಂತಲ್ಲ. ಹೃದಯದ ಬೈಪಾಸ್ ಆಪರೇಷನ್ ಆದ 1,802 ಜನರ ಮೇಲೆ ಅಮೆರಿಕದಲ್ಲಿ ಪರೀಕ್ಷೆ ಮಾಡಿ, 2006ರಲ್ಲಿ ಫಲಿತಾಂಶ ಹೇಳಿದರು. ಪ್ರಾರ್ಥನೆ ನಡೆಯುತ್ತಿದೆಯೋ ಇಲ್ಲವೋ ತಿಳಿಯದವರಲ್ಲಿ, ಪ್ರಾರ್ಥನೆ ನಡೆದರೆ ಶೇ 52 ಜನರಿಗೆ ತೊಡಕು, ನಡೆಯದಿದ್ದರೆ ಶೇ 51. 'ನಿಮಗಾಗಿ ಖಂಡಿತ ಪ್ರಾರ್ಥಿಸುತ್ತಿದ್ದಾರೆ' ಅಂತ ಹೇಳಿದ ಗುಂಪಿನಲ್ಲಿ ಶೇ 59! ನನ್ನ ಸ್ಥಿತಿ ಅಷ್ಟು ಕೆಟ್ಟಿದೆಯಾ ಅಂತ ಹೆದರಿದರೋ ಏನೋ. ಇದರ ಮುಂದಾಳು ಹರ್ಬರ್ಟ್ ಬೆನ್ಸನ್. ಧ್ಯಾನದಿಂದ ದೇಹ ಹೇಗೆ ಸಡಿಲಗೊಳ್ಳುತ್ತದೆ ಅಂತ 1970ರ ದಶಕದಲ್ಲೇ ತೋರಿಸಿಕೊಟ್ಟವರೂ ಅವರೇ. ಜಪ ಮಾಡಿದವರ ದೇಹಕ್ಕೆ ಅದು ನಾಟುತ್ತದೆ. ಇನ್ನೊಬ್ಬರ ದೇಹಕ್ಕೆ ಪಾರ್ಸೆಲ್ ಹೋಗುವುದಿಲ್ಲ.

ನನಗೆ ತಲೆ ಕೆಡುವುದು ಈ ಗೆರೆ ಅಳಿಸಿಹೋದಾಗ. ತೋಟದಲ್ಲಿ ಹಾವು ಕಚ್ಚಿದರೆ ಈಗಲೂ ಮೊದಲು ಮಂತ್ರ ಹಾಕಿಸುವವರಿದ್ದಾರೆ. ಕಚ್ಚುವ ಹಾವುಗಳಲ್ಲಿ ಎಷ್ಟೋ ವಿಷದವಲ್ಲ, ವಿಷದ ಹಾವೂ ಕೆಲವು ಸಲ ವಿಷ ಬಿಡದೆ ಕಚ್ಚುತ್ತದೆ. ಹಾಗಾಗಿ ಮಂತ್ರ ಹಾಕುವವನಿಗೆ ಗೆಲುವು ಸಿಗುತ್ತಲೇ ಇರುತ್ತದೆ. 1948ರಲ್ಲಿ ಸ್ಕಿನ್ನರ್ ಎಂಬ ಮನಶ್ಶಾಸ್ತ್ರಜ್ಞ ಎಂಟು ಪಾರಿವಾಳಗಳಿಗೆ, ಅವು ಏನೇ ಮಾಡಲಿ ಬಿಡಲಿ, ಹದಿನೈದು ಸೆಕೆಂಡಿಗೊಮ್ಮೆ ಕಾಳು ಬೀಳುವ ಹಾಗೆ ಮಾಡಿದ್ದ. ಆರು ಪಾರಿವಾಳಗಳು ತಮ್ಮದೇ ಕುಣಿತ ಕಲಿತವು, ಒಂದು ಗರಗರ ಸುತ್ತಿತು, ಒಂದು ತಲೆ ಎತ್ತಿ ಎತ್ತಿ ಹಾಕಿತು. ಕುಣಿದದ್ದಕ್ಕೇ ಕಾಳು ಬಂತು ಅಂತ ಅವುಗಳ ಲೆಕ್ಕ. ಪಾರಿವಾಳ ಕುಣಿದರೆ ಯಾರಿಗೂ ನಷ್ಟವಿಲ್ಲ. ಹಾವು ಕಚ್ಚಿದವನನ್ನು ಎರಡು ಗಂಟೆ ಜಗಲಿಯಲ್ಲಿ ಕೂರಿಸಿದರೆ ಜೀವವೇ ಹೋಗಬಹುದು.

ಇನ್ನು ಜನ. ವಾರವಾರ ಚರ್ಚಿಗೆ ಹೋಗುವ ಅಮೆರಿಕನ್ನರು ಹೆಚ್ಚು ತೃಪ್ತರು ಅನ್ನುವುದು ಹಳೇ ಮಾತು. ಚೇಯೂನ್ ಲಿಮ್ ಮತ್ತು ರಾಬರ್ಟ್ ಪಟ್ನಮ್ 2010ರಲ್ಲಿ ಅದನ್ನು ಬಿಡಿಸಿ ನೋಡಿದರು. ಚರ್ಚಿನಲ್ಲಿ ಸ್ನೇಹಿತರಿದ್ದವರಿಗೆ ಮಾತ್ರ ಆ ತೃಪ್ತಿ. ಒಬ್ಬರೇ ಹೋಗಿ ಒಬ್ಬರೇ ಬರುವವರಿಗೆ ಇಲ್ಲ. ಸಾಗರದ ಮಾರಿಕಾಂಬಾ ಜಾತ್ರೆ ನಡೆಯುವುದು ಮೂರು ವರ್ಷಕ್ಕೊಮ್ಮೆ. ಬೆಂಗಳೂರಿಂದ ಮಕ್ಕಳು ಮರಿ ಎಲ್ಲ ಬರುತ್ತಾರೆ. ಅವರಲ್ಲಿ ಎಷ್ಟು ಜನ ಅಮ್ಮನ ಮುಖ ನೋಡಲು ಬಂದವರು, ಎಷ್ಟು ಜನ ಒಬ್ಬರ ಮುಖ ಒಬ್ಬರು ನೋಡಲು ಬಂದವರು ಹೇಳಿ?

ಇದನ್ನು ನಮ್ಮ ಕಡೆ ಸರಿಯಾಗಿ ಅರ್ಥ ಮಾಡಿಕೊಂಡವರು ಕುಪ್ಪಳಿಯ ಕುವೆಂಪು. ಪುರೋಹಿತರ ಬಗ್ಗೆ ಅಷ್ಟು ಖಾರವಾಗಿ ಮಾತಾಡಿದವರು ಮದುವೆಯನ್ನೇ ಬೇಡ ಅನ್ನಲಿಲ್ಲ. ಮಂತ್ರ ಮಾಂಗಲ್ಯ ಅಂತ ಹೊಸ ಪದ್ಧತಿ ಮಾಡಿ, 1966ರಲ್ಲಿ ಮಗ ತೇಜಸ್ವಿಯ ಮದುವೆಯನ್ನೇ ಹಾಗೆ ನಡೆಸಿದರು. ಪುರೋಹಿತ, ವರದಕ್ಷಿಣೆ, ಆಡಂಬರ ಹೊರಗೆ. ಮಂತ್ರ, ಹಿರಿಯರು, ನಾಲ್ಕು ಜನರ ಎದುರಿನ ಮಾತು ಒಳಗೆ. ಯಾವುದನ್ನು ಉಳಿಸಬೇಕು, ಯಾವುದನ್ನು ಎಸೆಯಬೇಕು ಅಂತ ಕೂತು ಆರಿಸಿದ್ದಾರೆ. ದೇವರು ಬೇಡ ಅಂದ ಬಹಳ ಜನ ಈ ಆರಿಸುವ ಕೆಲಸ ಮಾಡುವುದಿಲ್ಲ. ಎಲ್ಲವನ್ನೂ ಬಿಟ್ಟು, ಆಮೇಲೆ ಭಾನುವಾರ ಸಂಜೆ ಮೊಬೈಲ್ ಹಿಡಿದು ಒಬ್ಬರೇ ಕೂರುತ್ತಾರೆ. ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ದೇವರ ಭಯ ಇಲ್ಲದಿದ್ದರೆ ಜನ ಕೆಡುತ್ತಾರೆ ಅನ್ನುವ ವಾದಕ್ಕೆ ಜಾಸ್ತಿ ಜಾಗ ಕೊಡುವುದಿಲ್ಲ. ಡೆನ್ಮಾರ್ಕ್, ಸ್ವೀಡನ್‌ಗಳಲ್ಲಿ ಚರ್ಚುಗಳು ಬಣಗುಡುತ್ತವೆ, ಊರು ನೆಮ್ಮದಿಯಾಗಿದೆ. ನಮ್ಮಲ್ಲಿ ದೇವಸ್ಥಾನ ತುಂಬಿರುತ್ತದೆ, ಹೊರಗೆ ಬಿಟ್ಟ ಚಪ್ಪಲಿ ಸಿಗುವುದಿಲ್ಲ.

ಚಿಕ್ಕಪ್ಪನೂ ಆರಿಸಿಕೊಂಡಿದ್ದಾರೆ, ಅವರಿಗೇ ಗೊತ್ತಿಲ್ಲದೆ. ಬೆಳಿಗ್ಗೆ ಆರಕ್ಕೆ ತೋಟ ಸುತ್ತುತ್ತಾರೆ, ಮಳೆ ಇರಲಿ ಬಿಡಲಿ. ದೀಪಾವಳಿಯಲ್ಲಿ ಅಂಟಿಗೆ ಪಂಟಿಗೆಯವರ ಜೊತೆ ರಾತ್ರಿಯಿಡೀ ಮನೆಮನೆ ತಿರುಗಿ ಹಾಡುತ್ತಾರೆ. ಶನಿವಾರ ತಾಳಮದ್ದಲೆಯಲ್ಲಿ ಕೃಷ್ಣನ ಅರ್ಥ ಹೇಳುತ್ತಾರೆ. ದೇವರನ್ನು ನಂಬದವರು ದೇವರ ಪಾತ್ರ ಹೇಗೆ ಮಾಡ್ತೀರಿ ಅಂತ ಕೇಳಿದರೆ, "ಆ ಪಾತ್ರಕ್ಕೆ ಒಳ್ಳೇ ಮಾತು ಇದೆ" ಅನ್ನುತ್ತಾರೆ.

ಹೋದ ಸುಗ್ಗಿಯಲ್ಲಿ ಅಡಿಕೆ ಸುಲಿಯುವಾಗ ಅವರ ಉಸಿರನ್ನೂ ಎಣಿಸಿದೆ. ಹತ್ತು ಜನ ಮೆಟ್ಟುಗತ್ತಿ ಇಟ್ಟುಕೊಂಡು ಕೂತಿದ್ದರು. ಸಿಪ್ಪೆಯ ರಾಶಿ ಮೊಣಕಾಲಿನವರೆಗೆ ಬಂದಿತ್ತು. ಚಿಕ್ಕಪ್ಪ ಯಾವುದೋ ಭಾಗವತಿಕೆಯ ಪದ ಎಳೆದು ಎಳೆದು ಹಾಡುತ್ತಿದ್ದರು. ಒಂದು ನಿಮಿಷಕ್ಕೆ ಏಳು ಬಂತು. ಓಡಿಹೋಗಿ ಅಜ್ಜಿಗೆ ಹೇಳಿದೆ, ದೇವರಿಲ್ಲದೆಯೂ ಏಳಕ್ಕೆ ಇಳಿದಿದೆ ನೋಡು ಅಂತ.

ಅಜ್ಜಿ ಬಾಯಲ್ಲಿದ್ದ ಕವಳ ಒಂದು ಬದಿಗೆ ತಳ್ಳಿ, "ಒಂದು ಜಾಸ್ತಿ ಆತಲ ಮಾಣಿ" ಅಂದಳು.